ಕಿಟಕಿ ಹೇಳಿದಷ್ಟೇ ತೇವ: ಚಳಿನಾಡಿನ ಮನೆಗೊಂದು ಹ್ಯೂಮಿಡಿಫೈಯರ್ ಪಾಠ

ಅಮೆರಿಕದ ಮಿನಿಯಾಪೊಲಿಸ್ ಪಕ್ಕದಲ್ಲಿ ನಾವು ಮನೆ ಕೊಂಡ ಮೊದಲ ಚಳಿಗಾಲ. ಜನವರಿಯ ಒಂದು ರಾತ್ರಿ ಹಾಲ್ ಕಡೆಯಿಂದ ಟಪ್ ಅಂತ ಸದ್ದಾಯಿತು. ಎದ್ದು ನೋಡಿದೆವು, ಏನೂ ಕಾಣಲಿಲ್ಲ. ಬೆಳಿಗ್ಗೆ ಹೆಂಡತಿ ವೀಣೆಯ ಗವಸು ತೆಗೆದಾಗ ಗೊತ್ತಾಯಿತು. ಹಲಸಿನ ಮರದ ಕೊಡದ ಮೇಲೆ ಗೇಣುದ್ದದ ಸೀಳು. ಊರಿನಲ್ಲಿ ಇಪ್ಪತ್ತು ವರ್ಷ ಏನೂ ಆಗದ ವೀಣೆ ಇಲ್ಲಿ ಎರಡೇ ತಿಂಗಳಲ್ಲಿ ಬಾಯಿಬಿಟ್ಟಿತ್ತು.

ಅಷ್ಟರಲ್ಲಿ ಉಳಿದ ಸೂಚನೆಗಳೂ ಬಂದಿದ್ದವು, ನಾವು ಗಮನಿಸಿರಲಿಲ್ಲ ಅಷ್ಟೇ. ಬಾಗಿಲ ಹಿಡಿ ಮುಟ್ಟಿದರೆ ಚುರುಕ್ ಅಂತ ಶಾಕ್. ಮಗನಿಗೆ ಬೆಳಗಿನ ಹೊತ್ತು ಮೂಗಿನಲ್ಲಿ ರಕ್ತ. ಮರದ ನೆಲದ ಹಲಗೆಗಳ ನಡುವೆ ಪೋಸ್ಟ್‌ಕಾರ್ಡ್ ತೂರುವಷ್ಟು ಸಂದು. ಚಕ್ಕುಲಿ ತಟ್ಟೆಯಲ್ಲಿ ಮೂರು ದಿನ ತೆರೆದಿಟ್ಟರೂ ಮೆತ್ತಗಾಗುತ್ತಿರಲಿಲ್ಲ. ಆ ಕೊನೆಯದ್ದನ್ನು ಮಾತ್ರ ನಾವು ಅಮೆರಿಕದ ಒಂದು ಸೌಕರ್ಯ ಅಂದುಕೊಂಡಿದ್ದೆವು!

ನಾನು ಮಲೆನಾಡಿನವನು. ನಮ್ಮ ಕಡೆ ಮಳೆಗಾಲದಲ್ಲಿ ಉಪ್ಪು ನೀರೊಡೆಯುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಿಂದ ತೇವ ತೆಗೆಯುವುದು ಹೇಗೆ ಅನ್ನುವುದೇ ನಮ್ಮ ಚಿಂತೆ. ಗಾಳಿಗೆ ದುಡ್ಡು ಕೊಟ್ಟು ನೀರು ಬೆರೆಸುವ ಯಂತ್ರವಿದೆ ಅಂದರೆ ಅಮ್ಮ ನಂಬಲೇ ಇಲ್ಲ.

ಎಲ್ಲರೂ ಮನೆ ಬಿಸಿ ಮಾಡುವ ಫರ್ನೇಸನ್ನು ಬೈಯುತ್ತಾರೆ, ಅದು ಗಾಳಿಯನ್ನು ಒಣಗಿಸುತ್ತದೆ ಅಂತ. ಅದರ ತಪ್ಪಲ್ಲ. ಫರ್ನೇಸ್ ಗಾಳಿಯನ್ನು ಬಿಸಿ ಮಾಡುತ್ತದೆ, ನೀರು ಕಿತ್ತುಕೊಳ್ಳುವುದಿಲ್ಲ. ಒಣಗಿರುವುದು ಹೊರಗಿನ ಗಾಳಿ. ಮೈನಸ್ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯಬಲ್ಲ ನೀರಾವಿ ಸುಮಾರು ಒಂದೂವರೆ ಗ್ರಾಂ. ಮನೆಯ 21 ಡಿಗ್ರಿಯಲ್ಲಿ ಅಷ್ಟೇ ಗಾಳಿ 18 ಗ್ರಾಂ ಹಿಡಿಯುತ್ತದೆ. ಹೊರಗಿನ ಗಾಳಿ ಬಾಗಿಲ ಸಂದಿನಿಂದ, ಬೇಸ್‌ಮೆಂಟಿನ ಬಿರುಕಿನಿಂದ ಒಳಗೆ ಬಂದು ಬಿಸಿಯಾದರೆ ಅದರ ತೇವಾಂಶ, ಅಂದರೆ ಹಿಡಿಯಬಲ್ಲ ನೀರಾವಿಯಲ್ಲಿ ನಿಜಕ್ಕೂ ಇರುವ ಪಾಲು, ಶೇ 8ಕ್ಕೆ ಇಳಿಯುತ್ತದೆ. ನಮ್ಮ ಉಸಿರು, ಸ್ನಾನ, ಅಡುಗೆ ಸೇರಿ ಸ್ವಲ್ಪ ಏರಿಸುತ್ತವೆ. ಆದ್ದರಿಂದ ಮೊದಲ ಕೆಲಸ ಸಂದು ಮುಚ್ಚುವುದು. ಗಾಳಿ ನುಗ್ಗುವ ಹಳೆ ಮನೆಗೆ ಎಷ್ಟು ನೀರು ಕುಡಿಸಿದರೂ ತೂತು ಕೊಡಪಾನಕ್ಕೆ ಸುರಿದ ಹಾಗೆ.

ಈಗ ಆ ಯಂತ್ರ. ಬೇಸ್‌ಮೆಂಟಿನಲ್ಲಿ ಫರ್ನೇಸಿನ ಪಕ್ಕಕ್ಕೆ, ಬಿಸಿಗಾಳಿ ಸಾಗಿಸುವ ತಗಡಿನ ಡಕ್ಟಿಗೆ ಅಂಟಿಕೊಂಡು ಶಾಲೆ ಬ್ಯಾಗಿನಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬ ಇದೆಯಾ ನೋಡಿ. ಅದಕ್ಕೊಂದು ಸಣ್ಣ ನೀರಿನ ಕೊಳವೆ ಬಂದಿರುತ್ತದೆ, ಕೆಳಗಿನಿಂದ ಇನ್ನೊಂದು ಕೊಳವೆ ನೆಲದ ಡ್ರೈನಿಗೆ ಹೋಗಿರುತ್ತದೆ. ಅದೇ ಹ್ಯೂಮಿಡಿಫೈಯರ್. ನಮ್ಮ ಮನೆಯಲ್ಲಿ ಇದು ಮೊದಲಿನಿಂದಲೂ ಇತ್ತು. ನಾನು ಅದನ್ನು ಗಾಳಿಯ ಫಿಲ್ಟರ್ ಅಂದುಕೊಂಡು ನಾಲ್ಕು ತಿಂಗಳು ಮುಟ್ಟಿರಲಿಲ್ಲ.

ಒಳಗೆ ದೊಡ್ಡ ವಿದ್ಯೆಯೇನೂ ಇಲ್ಲ. ಬೇಸಿಗೆಯಲ್ಲಿ ಊರಲ್ಲಿ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಾರಲ್ಲ, ಅದೇ. ತಟ್ಟಿಯ ಬದಲು ಜೇನುಗೂಡಿನ ಹಾಗೆ ತೂತು ತೂತಾದ ಒಂದು ಪ್ಯಾಡ್. ಫರ್ನೇಸ್ ಉರಿಯುವಾಗ ಒಂದು ಸಣ್ಣ ವಾಲ್ವ್ ತೆರೆದು ಪ್ಯಾಡಿನ ಮೇಲಿಂದ ನೀರು ಇಳಿಬಿಡುತ್ತದೆ. ಬಿಸಿಗಾಳಿ ಅದರ ಮೂಲಕ ಹಾಯ್ದು ನೀರಾವಿ ಹೊತ್ತುಕೊಂಡು ಮನೆಯೆಲ್ಲ ಹಂಚುತ್ತದೆ. ಆವಿಯಾಗದ ನೀರು ಡ್ರೈನಿಗೆ ಹೋಗುತ್ತದೆ. ಆ ನೀರು ಸುಮ್ನೆ ಪೋಲು ಅಂತ ನಮ್ಮಂಥವರ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಅದು ಪ್ಯಾಡಿನಲ್ಲಿ ಕಟ್ಟುವ ಸುಣ್ಣವನ್ನು ತೊಳೆದುಕೊಂಡು ಹೋಗುವುದಕ್ಕೇ ಇರುವ ವ್ಯವಸ್ಥೆ. ಹಳೆ ಮನೆಗಳಲ್ಲಿ ತಟ್ಟೆಯಲ್ಲಿ ನೀರು ನಿಂತು, ಅದರಲ್ಲಿ ಸ್ಪಂಜಿನ ಉರುಳೆ ತಿರುಗುವ ಜಾತಿಯದ್ದು ಸಿಗುತ್ತದೆ. ನಿಂತ ನೀರಿನಲ್ಲಿ ಪಾಚಿ, ಬೂಷ್ಟು ಗ್ಯಾರಂಟಿ. ಅದನ್ನು ಬದಲಿಸುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಹೊಸದಾಗಿ ಹಾಕಿಸುವವರಿಗೆ ಮೂರು ಬಗೆ ಸಿಗುತ್ತವೆ. ಬೈಪಾಸ್ ಬಗೆಯದ್ದು ಅಗ್ಗ, ಫರ್ನೇಸಿನ ಗಾಳಿಯ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಫ್ಯಾನ್ ಬಗೆಯದ್ದರಲ್ಲಿ ಅದರದ್ದೇ ಫ್ಯಾನ್ ಇರುತ್ತದೆ, ಸ್ವಲ್ಪ ಜಾಸ್ತಿ ತೇವ ಕೊಡುತ್ತದೆ. ಸ್ಟೀಮ್ ಬಗೆಯದ್ದು ನೀರು ಕುದಿಸಿಯೇ ಆವಿ ಬಿಡುತ್ತದೆ, ಕರೆಂಟ್ ಬಿಲ್ ಏರುತ್ತದೆ. ಫರ್ನೇಸ್ ಬದಲು ಹೊರಗಿನ ಬಿಸಿಯನ್ನೇ ಒಳಗೆ ಎಳೆದು ತರುವ ಹೀಟ್ ಪಂಪ್ ಇರುವ ಮನೆಯಲ್ಲಿ ಡಕ್ಟಿನ ಗಾಳಿ ಅಷ್ಟು ಬಿಸಿ ಇರುವುದಿಲ್ಲ, ಪ್ಯಾಡಿನಿಂದ ನೀರು ಸರಿಯಾಗಿ ಏಳುವುದಿಲ್ಲ. ಅಂಥ ಕಡೆ ಬಿಸಿನೀರಿನ ಲೈನಿಗೆ ಜೋಡಿಸುತ್ತಾರೆ ಅಥವಾ ಸ್ಟೀಮ್ ಹಾಕಿಸುತ್ತಾರೆ. ಸಾಧಾರಣ ಗ್ಯಾಸ್ ಫರ್ನೇಸಿನ ಮನೆಗೆ ಬೈಪಾಸ್ ಸಾಕು.

ಇನ್ನು ನಾನು ಮಾಡಿದ ತಪ್ಪಿಗೆ ಬರುತ್ತೇನೆ. ವೀಣೆ ಒಡೆದ ಸಿಟ್ಟಿನಲ್ಲಿ ಡಬ್ಬ ಚಾಲೂ ಮಾಡಿ, ತೇವ ಎಷ್ಟಿರಬೇಕು ಅಂತ ಹೊಂದಿಸುವ, ಗೋಡೆಯ ಮೇಲಿನ ಹ್ಯೂಮಿಡಿಸ್ಟ್ಯಾಟ್ ಅನ್ನುವ ಡಯಲನ್ನು ಶೇ 45ಕ್ಕೆ ತಿರುಗಿಸಿದೆ. ತೇವಾಂಶ 30ರಿಂದ 50ರ ಒಳಗಿದ್ದರೆ ಆರೋಗ್ಯಕ್ಕೆ ಒಳ್ಳೆಯದು ಅಂತ ಎಲ್ಲ ಕಡೆ ಹೇಳುತ್ತಾರಲ್ಲ, ಅದನ್ನೇ ನಂಬಿದ್ದೆ. ಒಂದು ವಾರ ಸುಖವಾಗಿತ್ತು. ಆಮೇಲೆ ಹೊರಗೆ ಮೈನಸ್ 25ಕ್ಕೆ ಇಳಿಯಿತು. ಬೆಳಿಗ್ಗೆ ಮಲಗುವ ಕೋಣೆಯ ಪರದೆ ಸರಿಸಿದರೆ ಗಾಜಿನ ಒಳಮೈ ಮೇಲೆ ಬೆರಳು ದಪ್ಪದ ಹಿಮ. ಮಧ್ಯಾಹ್ನ ಬಿಸಿಲಿಗೆ ಕರಗಿ ಕಿಟಕಿಯ ಕಟ್ಟೆ ಮೇಲೆ ಕೆರೆ. ಮಾರ್ಚ್ ಹೊತ್ತಿಗೆ ಮರದ ಚೌಕಟ್ಟಿನ ಮೂಲೆಯಲ್ಲಿ ಕಪ್ಪು ಚುಕ್ಕೆಗಳು. ಮಲೆನಾಡಿನ ಬೂಷ್ಟು ಹುಡುಕಿಕೊಂಡು ಇಲ್ಲಿಗೇ ಬಂದಿತ್ತು.

ಕಾರಣ ಸರಳ. ಮನೆ 21 ಡಿಗ್ರಿ, ತೇವಾಂಶ 45 ಇದ್ದರೆ, ಒಂಬತ್ತು ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲಾದರೂ ನೀರು ಕೂರುತ್ತದೆ. ತೇವಾಂಶ 25 ಇದ್ದರೆ ಅದು ಸೊನ್ನೆ ಡಿಗ್ರಿಯ ಹತ್ತಿರ ಇಳಿದ ಮೇಲಷ್ಟೇ. ಹೊರಗೆ ಚಳಿ ಹೆಚ್ಚಿದಷ್ಟೂ ಗಾಜು ತಣ್ಣಗಾಗುತ್ತದೆ. ಹಾಗಾಗಿ ಚಳಿ ಏರಿದ ಹಾಗೆ ಡಯಲ್ ಇಳಿಸಬೇಕು. ಇದು ತಲೆಗೆ ಹೋಗಲು ನನಗೆ ಒಂದು ಚಳಿಗಾಲ ಬೇಕಾಯಿತು. ಗಾಳಿ ಅತಿ ಒಣಗಿರುವ ದಿನವೇ ತೇವ ಕಡಿಮೆ ಮಾಡು ಅಂದರೆ ಉಲ್ಟಾ ಅನ್ನಿಸುತ್ತದೆ ಅಲ್ವಾ?

ತಯಾರಕರ ಕೈಪಿಡಿಗಳಲ್ಲಿ ಸಿಗುವ ಲೆಕ್ಕ ಹೀಗಿದೆ. ಹೊರಗೆ 20 ಫ್ಯಾರನ್‌ಹೀಟ್, ಅಂದರೆ ಮೈನಸ್ 7 ಸೆಲ್ಸಿಯಸ್ ಇದ್ದಾಗ 35. ಸೊನ್ನೆ ಫ್ಯಾರನ್‌ಹೀಟ್‌ಗೆ, ಅಂದರೆ ಮೈನಸ್ 18ಕ್ಕೆ, 25. ಮೈನಸ್ 20 ಫ್ಯಾರನ್‌ಹೀಟ್‌ಗೆ ಬರೀ 15. ನಡುವಿನದ್ದನ್ನು ಪ್ರತಿ ಹತ್ತು ಫ್ಯಾರನ್‌ಹೀಟ್‌ಗೆ ಐದರಂತೆ ಹೊಂದಿಸಿಕೊಳ್ಳಿ. ಹವಾಮಾನ ವರದಿಯಲ್ಲಿ ಶೀತಗಾಳಿ ಅಂದ ಹಿಂದಿನ ದಿನವೇ ಇಳಿಸಿ. ಯಾಕೆಂದರೆ ಗೋಡೆ, ಸೋಫಾ, ಪುಸ್ತಕ ಎಲ್ಲವೂ ತೇವ ಕುಡಿದು ಕೂತಿರುತ್ತವೆ, ಅದನ್ನು ನಿಧಾನಕ್ಕೆ ಬಿಡುತ್ತವೆ. ಹೊರಗೊಂದು ಸೆನ್ಸರ್ ಇಟ್ಟು ತಾನೇ ಹೊಂದಿಸಿಕೊಳ್ಳುವ ಮಾದರಿಗಳೂ ಇವೆ. ಕೆಲವದರ ಡಯಲಿನಲ್ಲಿ ಶೇಕಡಾ ಬದಲು 1ರಿಂದ 7ರವರೆಗೆ ಅಂಕಿ ಇರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ.

ಇಷ್ಟಾದರೂ ಕೊನೆಯ ಮಾತು ನಿಮ್ಮ ಕಿಟಕಿಯದ್ದು. ಹಳೆ ಗಾಜಿನ ಮನೆಗೆ 30 ಆದರೂ ಜಾಸ್ತಿ, ಮೂರು ಪದರ ಗಾಜಿನ ಹೊಸ ಮನೆ 40 ತಡೆಯಬಹುದು. ಬೆಳಿಗ್ಗೆ ಎದ್ದಾಗ ಗಾಜಿನ ಕೆಳತುದಿಯಲ್ಲಿ ಸಣ್ಣ ಮಬ್ಬು ಇದ್ದರೆ ಪರವಾಗಿಲ್ಲ. ನೀರು ಹರಿದಿದ್ದರೆ ಐದು ಇಳಿಸಿ. ರಾತ್ರಿ ಬ್ಲೈಂಡ್ ಪೂರ್ತಿ ಮುಚ್ಚದೆ ಕೆಳಗೆ ನಾಲ್ಕು ಬೆರಳು ಬಿಟ್ಟರೆ ಗಾಜಿಗೆ ಬಿಸಿಗಾಳಿ ತಾಗುತ್ತದೆ, ಹಿಮ ಕಡಿಮೆ. ಹಾಗೇ ನಮ್ಮ ಅಡುಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಭಾನುವಾರ ಎರಡು ಒಬ್ಬೆ ಇಡ್ಲಿ ಬೇಯಿಸಿ, ಪಕ್ಕದಲ್ಲಿ ಹುಳಿ ಕುದಿಸಿದರೆ ಆ ಹೊತ್ತಿಗೆ ಯಂತ್ರವೇ ಬೇಡ. ಎಕ್ಸಾಸ್ಟ್ ಫ್ಯಾನ್ ಹಾಕದಿದ್ದರೆ ಅಡುಗೆಮನೆಯ ಕಿಟಕಿ ಅಳಲು ಶುರು.

ಡಯಲಿನ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಹತ್ತು ಹದಿನೈದು ಡಾಲರಿಗೆ ಪುಟ್ಟ ತೇವಾಂಶ ಮೀಟರ್ ಸಿಗುತ್ತದೆ. ಅದು ಸರಿಯಿದೆಯಾ ಅಂತ ನೋಡಲು ಅಡುಗೆಮನೆಯ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಒಂದು ಚಮಚ ಉಪ್ಪು ಹಾಕಿ, ಕೆಸರಿನ ಹಾಗೆ ಆಗುವಷ್ಟು ನೀರು ಬೆರೆಸಿ. ಮೀಟರ್ ಜೊತೆಗೆ ಜಿಪ್ ಚೀಲದಲ್ಲಿಟ್ಟು ಮುಚ್ಚಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮೀಟರ್ 75 ತೋರಿಸಬೇಕು. 71 ತೋರಿಸಿದರೆ ನಾಲ್ಕು ಕೂಡಿಸಿ ಓದಿ. ಗಾಳಿಯ ತೇವಾಂಶ 75 ದಾಟಿದರೆ ಉಪ್ಪು ನೀರು ಹೀರಲು ಶುರು ಮಾಡುತ್ತದೆ. ಊರಿನ ಉಪ್ಪಿನ ಭರಣಿ ಆಷಾಢದಲ್ಲಿ ನೀರೊಡೆಯುತ್ತಿದ್ದುದರ ಗುಟ್ಟು ನನಗೆ ತಿಳಿದದ್ದು ಮಿನ್ನೆಸೋಟಾದ ಬೇಸ್‌ಮೆಂಟಿನಲ್ಲಿ ಕೂತು!

ಚಾಕರಿ ಹೆಚ್ಚಿಲ್ಲ, ಆದರೆ ಬಿಡುವಂತಿಲ್ಲ. ಅಕ್ಟೋಬರಿನಲ್ಲಿ ಪ್ಯಾಡ್ ಬದಲಿಸಿ. ಮಾದರಿಗೆ ತಕ್ಕ ಪ್ಯಾಡಿನ ನಂಬರ್ ಸಾಮಾನ್ಯವಾಗಿ ಡಬ್ಬದ ಮೇಲೇ ಇರುತ್ತದೆ. ಇಲ್ಲಿನ ಗಡಸು ನೀರಿಗೆ ಹಳೆ ಪ್ಯಾಡ್ ಸುಣ್ಣ ಕಟ್ಟಿ ಒಣ ರೊಟ್ಟಿಯ ಹಾಗೆ ಗಟ್ಟಿಯಾಗಿರುತ್ತದೆ. ಮುಟ್ಟುವ ಮೊದಲು ಫರ್ನೇಸಿನ ಸ್ವಿಚ್ ಆರಿಸಿ, ನೀರು ಬಂದ್ ಮಾಡಿ. ಡ್ರೈನ್ ಕೊಳವೆಯನ್ನು ಬಿಡಿಸಿ ಒಮ್ಮೆ ಬಿಸಿನೀರು ಹಾಯಿಸಿ. ಅದು ಕಟ್ಟಿಕೊಂಡರೆ ನೀರು ಫರ್ನೇಸಿನ ಒಳಗೇ ಇಳಿಯಬಹುದು, ಆಮೇಲೆ ಸರ್ಕ್ಯೂಟ್ ಬೋರ್ಡಿನ ಖರ್ಚು ನಿಮ್ಮ ತಲೆಗೆ. ನೀರಿನ ಕೊಳವೆ ತಾಮ್ರದ ಪೈಪಿಗೆ ಚುಚ್ಚಿದ ಸ್ಯಾಡಲ್ ವಾಲ್ವಿನಿಂದ ಬಂದಿದ್ದರೆ ಅದರ ಬುಡದಲ್ಲಿ ಹಸಿರು ಕಲೆ ಇದೆಯಾ ನೋಡಿ. ಇದ್ದರೆ ಸೋರುತ್ತಿರಬಹುದು, ಪ್ಲಂಬರನ್ನು ಕರೆಯಿರಿ.

ಬೈಪಾಸ್ ಇರುವವರು ಮರೆಯುವ ಇನ್ನೊಂದು ಸಂಗತಿ ಡ್ಯಾಂಪರ್, ಅಂದರೆ ಗಾಳಿಯನ್ನು ಬಿಡುವ, ತಡೆಯುವ ಮುಚ್ಚಳ. ಡಬ್ಬಕ್ಕೆ ಜೋಡಿಸಿದ ದುಂಡು ಕೊಳವೆಯ ಮೇಲೆ ಒಂದು ಪುಟ್ಟ ಹಿಡಿ, ಪಕ್ಕದಲ್ಲಿ ಸಮ್ಮರ್, ವಿಂಟರ್ ಅಂತ ಬರೆದಿರುತ್ತದೆ. ಚಳಿಗಾಲದಲ್ಲಿ ಅದು ಸಮ್ಮರ್ ಕಡೆಗಿದ್ದರೆ ನೀರು ಬರುತ್ತದೆ, ಗಾಳಿ ಬರುವುದಿಲ್ಲ. ಇಡೀ ಸೀಸನ್ ನೀರು ಚರಂಡಿಗೆ ಹೋಗುತ್ತದೆ, ನಿಮ್ಮ ಮೂಗು ಮಾತ್ರ ಒಣಗೇ ಇರುತ್ತದೆ. ಏಪ್ರಿಲಿನಲ್ಲಿ ಸಮ್ಮರ್ ಕಡೆಗೆ ತಿರುಗಿಸದಿದ್ದರೆ ಏಸಿಯ ತಣ್ಣನೆ ಗಾಳಿ ಒಂದಷ್ಟು ಮನೆಗೆ ಹೋಗುವ ಬದಲು ಅಲ್ಲೇ ಗಿರಕಿ ಹೊಡೆಯುತ್ತದೆ. ನಮ್ಮ ಮನೆಗೆ ಫರ್ನೇಸ್ ನೋಡಲು ಬಂದ ಒಬ್ಬ ಮೆಕ್ಯಾನಿಕ್ ಇದನ್ನು ಎರಡು ಸಲ ಉಲ್ಟಾ ಬಿಟ್ಟು ಹೋಗಿದ್ದ. ಅಂದಿನಿಂದ ಅವರು ಹೊರಟ ಮೇಲೆ ನಾನೇ ಇಳಿದು ನೋಡುತ್ತೇನೆ.

ಬಾಡಿಗೆ ಅಪಾರ್ಟ್‌ಮೆಂಟಿನವರಿಗೆ, ರೇಡಿಯೇಟರ್ ಇರುವ ಮನೆಯವರಿಗೆ ಡಕ್ಟೇ ಇಲ್ಲ. ಅವರಿಗೆ ಕೋಣೆಯಲ್ಲಿಡುವ ಸಣ್ಣದ್ದೇ ಗತಿ. ನೀರನ್ನು ನಡುಗಿಸಿ ಮಂಜು ಮಾಡುವ ಅಲ್ಟ್ರಾಸಾನಿಕ್ ಬಗೆಯದ್ದಕ್ಕೆ ನಲ್ಲಿ ನೀರು ಹಾಕಿದರೆ ನೀರಿನ ಸುಣ್ಣವೆಲ್ಲ ಬಿಳಿ ಪುಡಿಯಾಗಿ ಟಿವಿಯ ಮೇಲೆ ಕೂರುತ್ತದೆ. ಡಿಸ್ಟಿಲ್ಡ್ ನೀರು ಹಾಕಿ, ಅಥವಾ ಬತ್ತಿ ಇರುವ ಬಗೆಯದ್ದನ್ನು ಕೊಳ್ಳಿ. ಎರಡಕ್ಕೂ ನೀರು ದಿನಾ ಬದಲಿಸಬೇಕು. ರಾತ್ರಿ ಒಗೆದ ಪಂಚೆ, ಟವಲನ್ನು ಕೋಣೆಯಲ್ಲೇ ಒಣಹಾಕುವುದೂ ನಡೆಯುತ್ತದೆ, ಖರ್ಚಿಲ್ಲ.

ವೀಣೆಯನ್ನು ಊರಿಗೆ ಹೋದಾಗ ರಿಪೇರಿ ಮಾಡಿಸಿ ತಂದೆವು. ಈಗ ಅದು ಹೊರಗೋಡೆಯಿಂದ ದೂರ, ಬಿಸಿಗಾಳಿ ಬರುವ ಜಾಲರಿಯಿಂದಲೂ ದೂರ ಇರುತ್ತದೆ. ಪಕ್ಕದಲ್ಲಿ ಮೀಟರ್. ಬೇಸ್‌ಮೆಂಟಿನ ಡಬ್ಬದ ಮುಚ್ಚಳದ ಮೇಲೆ ಹಿಂದಿನ ಮಾಲೀಕರು ಪ್ಯಾಡ್ ಬದಲಿಸಿದ ತಾರೀಕುಗಳನ್ನು ಮಾರ್ಕರಿನಲ್ಲಿ ಬರೆದಿಟ್ಟಿದ್ದರು. ಅದರ ಕೆಳಗೆ ಈಗ ನನ್ನವು, ಕನ್ನಡ ಅಂಕಿಯಲ್ಲಿ. ಮುಂದೆ ಈ ಮನೆ ಕೊಳ್ಳುವವರು ಸ್ವಲ್ಪ ತಲೆ ಕೆರೆದುಕೊಳ್ಳಲಿ.