ಹಿಮದೂರಲ್ಲಿ ಮನೆ ಕೊಂಡಿರಾ? ನಮ್ಮ ಮೇಸ್ತ್ರಿಬುದ್ಧಿ ಬೆಂಗಳೂರಲ್ಲೇ ಬಿಟ್ಟುಬನ್ನಿ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್‌ಗೆ ಹೊರಟವರು ಜಾಕೆಟ್ಟು, ಬೂಟು, ಹುಳಿಪುಡಿ, ಅಲ್ಲಿನ ಕರೆಂಟಿಗೆ ಹೊಂದುವ ಮಿಕ್ಸಿ, ಎಲ್ಲದರ ಬಗ್ಗೆಯೂ ಕೇಳುತ್ತಾರೆ. ಕಾಂಕ್ರೀಟಿನ ಬಗ್ಗೆ ಯಾರೂ ಕೇಳುವುದಿಲ್ಲ. ಅದನ್ನು ಕೇಳುವುದು ಮೂರ್ನಾಲ್ಕು ವರ್ಷದ ಮೇಲೆ, ಗುಡ್ಡದ ಮೇಲೊಂದು ಹಳೇ ಮನೆ ಕೊಂಡು, ಡ್ರೈವ್‌ವೇ ಚಕ್ಕೆಯೇಳಲು ಶುರುವಾದಾಗ. ಅಲ್ಲೇ ಮನೆ ಮಾಡಿಕೊಂಡಿರುವ ನಾನು ಈ ಚಳಿಗಾಲಕ್ಕೆ ಬೆಂಗಳೂರು ಬನಶಂಕರಿಯ ತಮ್ಮನ ಮನೆಯಲ್ಲಿದ್ದೇನೆ, ಅವನು ಮೇಲೊಂದು ಅಂತಸ್ತು ಎತ್ತಿಸುತ್ತಿದ್ದಾನೆ. ಮೋಲ್ಡ್ (ತಾರಸಿಯ ಕಾಂಕ್ರೀಟ್) ಹಾಕುವುದನ್ನು ನೋಡಲು ಬಂದ ಪಕ್ಕದ ಬೀದಿಯವರೊಬ್ಬರು, ಮಗಳ ಪಿಟ್ಸ್‌ಬರ್ಗ್ ಮನೆಯ ಚಕ್ಕೆಯೆದ್ದ ಮೆಟ್ಟಿಲಿನ ಫೋಟೋ ತೋರಿಸಿ, "ಏನ್ ಸಾರ್, ಅಲ್ಲೂ ಸಿಮೆಂಟ್ ಕದೀತಾರಾ?" ಅಂದರು. ಯಾರೂ ಕದ್ದಿಲ್ಲ. ಆ ಮೆಟ್ಟಿಲನ್ನು ತಿಂದದ್ದು ನೀರು.

ಕಾಗದದ ಕೆಲಸ ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇನೆ. ಪೆನ್ಸಿಲ್ವೇನಿಯಾದಲ್ಲಿ ಮನೆ ದುರಸ್ತಿ ಮಾಡುವ ಕಂಟ್ರಾಕ್ಟರು ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ನೋಂದಾಯಿಸಿರಬೇಕು, 2009ರಿಂದ ಕಾನೂನು; ನಂಬರು ಕೇಳಿ. 500 ಡಾಲರಿಗೆ ಮೇಲಿನ ಕೆಲಸಕ್ಕೆ ಲಿಖಿತ ಒಪ್ಪಂದ ಬೇಕು. ಕೆಲಸ ದೊಡ್ಡದಿದ್ದರೆ, ವಿಶೇಷವಾಗಿ ತರಿಸುವ ಸಾಮಾನಿನ ಬೆಲೆ ಬಿಟ್ಟು, ಮೂರನೇ ಒಂದು ಪಾಲಿಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ. ಅಗೆಯುವ ಮುಂಚೆ, ನೆಲದಡಿಯ ಪೈಪು-ತಂತಿಗಳಿಗೆ ಗುರುತು ಹಾಕಿಸಲು, 811ಕ್ಕೆ ಫೋನ್ ಹೋಗಿರಬೇಕು. ಪರ್ಮಿಟ್ಟು ಬೇಕೋ ಬೇಡವೋ ಎಂದು ನಿಮ್ಮ ಟೌನ್‌ಶಿಪ್ ಕಚೇರಿಯಲ್ಲಿ ವಿಚಾರಿಸಿ. ಆಯಿತು.

ಇನ್ನು ವಿಷಯಕ್ಕೆ ಬರೋಣ. ನಮ್ಮಲ್ಲಿ ಮನೆ ಕಟ್ಟಿಸಿದವರ ಮಕ್ಕಳೆಲ್ಲ ಅರ್ಧ ಎಂಜಿನಿಯರುಗಳು. ಅಪ್ಪ ಈ ಮನೆ ಕಟ್ಟಿಸುವಾಗ, ಸ್ಕೂಲಿಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಗೋಡೆಗೆ ನೀರು ಹೊಡೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿಹಿಡಿದರೆ ನೀರು ಬೀಸಣಿಗೆಯ ಹಾಗೆ ಹರಡಿಕೊಂಡು, ಬಿಸಿಲಿಗೆ ಕಾದ ಸಿಮೆಂಟು ಚುಂಯ್ ಎನ್ನುತ್ತಿತ್ತು. ಸ್ಲ್ಯಾಬಿನ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸುವುದು, ಪಿಲ್ಲರಿಗೆ ಗೋಣಿಚೀಲ ಸುತ್ತಿ ನೆನೆಸುವುದು, ಇದೆಲ್ಲ ಕಣ್ಣಾರೆ ನೋಡಿ ಬೆಳೆದದ್ದು. ತಪ್ಪೇನೂ ಇಲ್ಲ, ಭಾರತದ ಕಾಂಕ್ರೀಟ್ ಸಂಹಿತೆಯೇ ಕನಿಷ್ಠ 7 ದಿನ, ಮಿಶ್ರ ಸಿಮೆಂಟಾದರೆ 10 ದಿನ ತೇವ ಇರಲಿ ಎನ್ನುತ್ತದೆ. ಆದರೆ ಈ ವಿದ್ಯೆ ಹುಟ್ಟಿದ ಊರಿನ ಚಳಿ ಎಷ್ಟು? ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿಯಲ್ಲಿ. ಅಮೆರಿಕದ ಕಾಂಕ್ರೀಟ್ ಸಂಸ್ಥೆಯವರು ಚಳಿಗಾಲದ ನಿಯಮಗಳನ್ನು ಕೈಗೆತ್ತಿಕೊಳ್ಳುವುದೇ 4.4 ಡಿಗ್ರಿಗೆ. ನಮ್ಮ ಮೇಸ್ತ್ರಿಗಳ ಏಳು ತಲೆಮಾರಿಗೂ ಆ ಚಳಿಯ ಮುಖಪರಿಚಯ ಇಲ್ಲ.

ಇಲ್ಲಿ ನೀರು ಕೊಡುವುದೇ ವಿದ್ಯೆ, ಅಲ್ಲಿ ನೀರನ್ನು ಸಾಗಹಾಕುವುದು. ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರಗಳಲ್ಲಿ ನೀರು ಇದ್ದೇ ಇರುತ್ತದೆ. ಅದು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ಕರಗುತ್ತದೆ, ಇನ್ನಷ್ಟು ನೀರು ಒಳಗೆ ಎಳೆದುಕೊಳ್ಳುತ್ತದೆ, ಮತ್ತೆ ಹಿಗ್ಗುತ್ತದೆ. ಪಿಟ್ಸ್‌ಬರ್ಗ್‌ನ ಕಷ್ಟವೆಂದರೆ ಚಳಿಗಾಲಪೂರ್ತಿ ಸೊನ್ನೆಗಿಂತ ಕೆಳಗೇ ಇರುವುದಿಲ್ಲ. ರಾತ್ರಿ ಗಟ್ಟಿ, ಮಧ್ಯಾಹ್ನ ನೀರು, ಮತ್ತೆ ರಾತ್ರಿ ಗಟ್ಟಿ. ಒಂದೇ ಸಮನೆ ಕೊರೆಯುವ ಚಳಿಗಿಂತ ಈ ಜಗ್ಗಾಟವೇ ಕಾಂಕ್ರೀಟಿಗೆ ಹೆಚ್ಚು ಕೆಡುಕು. ಅದಕ್ಕೇ ಅಲ್ಲಿನ ಮಿಕ್ಸಿನಲ್ಲಿ ಬೇಕೆಂದೇ ಗಾಳಿ ಸೇರಿಸುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು, ಹೊರಗೆ ಹಾಕುವ ಕಾಂಕ್ರೀಟಿನಲ್ಲಿ 5ರಿಂದ 8 ಶೇಕಡಾ. ಹಿಗ್ಗುವ ನೀರಿಗೆ ಸರಿದುಕೊಳ್ಳಲು ಜಾಗ. ಆರ್ಡರ್ ಮಾಡುವಾಗ ಬಾಯಿಬಿಟ್ಟು ಹೇಳಬೇಕಾದದ್ದು: 4000ರಿಂದ 4500 ಪಿಎಸ್‌ಐ ಬಲ, ಏರ್ ಎಂಟ್ರೇನ್ಡ್ (ಅಂದರೆ ಆ ಗಾಳಿ ಸೇರಿಸಿದ್ದು), ನೀರು-ಸಿಮೆಂಟ್ ಅನುಪಾತ 0.45ಕ್ಕಿಂತ ಹೆಚ್ಚಿಲ್ಲ. ಲಾರಿಯವನ ಹತ್ತಿರ ಚೀಟಿ ಇರುತ್ತದೆ, ಸುರಿಸುವ ಮುಂಚೆ ಓದಿ.

ಇಲ್ಲೇ ನಾನು ಕೆಟ್ಟದ್ದು. ನಮ್ಮ ಮೊದಲ ಡ್ರೈವ್‌ವೇ ಹಾಕಿಸಿದ್ದು ನವೆಂಬರಿನಲ್ಲಿ. ಸೀಸನ್ ಮುಗಿದಿದೆ, ರೇಟು ಇಳಿಸಿದ್ದಾರೆ ಎಂಬ ಖುಷಿ. ಲಾರಿ ಬಂತು. ಮಾಲು ಗಟ್ಟಿ ಇದೆ ಅನ್ನಿಸಿ, "ಸ್ವಲ್ಪ ನೀರು ಬಿಡಿ" ಎಂದು ನಾನೇ ಹೇಳಿದೆ. ಇಲ್ಲಿ ಸ್ಲ್ಯಾಬ್ ದಿನ ಅಪ್ಪ ಹಾಗೆ ಹೇಳಿದ್ದನ್ನು ಕೇಳಿದ್ದೆನಲ್ಲ! ಆಮೇಲೆ ಬ್ರೂಮ್ ಫಿನಿಶ್ ಎಂದು ಪೊರಕೆಯಲ್ಲಿ ಗೀರುಗೀರು ಎಳೆಯಲು ಹೊರಟರು. ಇಷ್ಟು ದುಡ್ಡು ಕೊಟ್ಟು ಒರಟು ನೆಲವೇ? ಬೇಡ, ಕರಣೆಯಲ್ಲಿ ಚೆನ್ನಾಗಿ ತಿಕ್ಕಿ, ನಮ್ಮ ಕಡೆ ರೆಡ್ ಆಕ್ಸೈಡ್ ನೆಲ ಮಾಡುವ ಹಾಗೆ ನುಣ್ಣಗೆ ಮಾಡಿ ಎಂದೆ. ಒಳ್ಳೆಯ ಕಂಟ್ರಾಕ್ಟರಾಗಿದ್ದರೆ ನನ್ನನ್ನು ಒಳಗೆ ಕಳಿಸಿ ಬಾಗಿಲು ಹಾಕಿಸುತ್ತಿದ್ದ. ಇವನು ಹೇಳಿದಂತೆ ಮಾಡಿ ಚೆಕ್ ತೆಗೆದುಕೊಂಡು ಹೋದ. ಹೆಚ್ಚು ನೀರು ಬೆರೆತರೆ ಮೇಲ್ಪದರ ಬಲ ಕಳೆದುಕೊಳ್ಳುತ್ತದೆ. ತಿಕ್ಕಿ ತಿಕ್ಕಿ ನುಣುಪು ಮಾಡಿದರೆ ಆ ಗಾಳಿಗುಳ್ಳೆಗಳು ಮೇಲ್ಮೈಯಿಂದ ಹೋಗುತ್ತವೆ, ಕೆಳಗಿಂದ ಏಳುವ ನೀರು ತೊಗಟೆಯಡಿ ಸಿಕ್ಕಿಕೊಳ್ಳುತ್ತದೆ. ಚಳಿಗೆ ಬೇಗ ಹಿಡಿಯಲೆಂದು ಅವನು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ್ದ, ಒಳಗಿನ ಕಬ್ಬಿಣದ ಬಲೆಗೆ ತುಕ್ಕು ತರುವಂಥದ್ದು. ಇವೆಲ್ಲ ಸಾಲದು ಎಂಬಂತೆ ಡಿಸೆಂಬರಿನ ಮೊದಲ ಹಿಮಕ್ಕೇ, ಅದು ಕರಗಲೆಂದು, ನಾನು ಚೀಲಗಟ್ಟಲೆ ಉಪ್ಪು ಸುರಿದೆ.

ಏಪ್ರಿಲಿನಲ್ಲಿ ಹಿಮ ಕರಗಿ ನೋಡಿದರೆ ಮೇಲ್ಪದರ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಬೂಟಿನ ಹಿಮ್ಮಡಿ ತಾಗಿಸಿದರೆ ಒಂದು ಚಕ್ಕೆ, ಕೆಳಗೆ ಬರೀ ಜಲ್ಲಿ. ಕಂಟ್ರಾಕ್ಟರು ಫೋನಿನಲ್ಲಿ, "ಉಪ್ಪು ಹಾಕಿದ್ದು ನೀವೇ" ಎಂದ. ನಿಜವೇ, ಏನು ವಾದ ಮಾಡಲಿ?

ಆದ್ದರಿಂದ, ಹೊಸ ಕಾಂಕ್ರೀಟಿಗೆ ಮೊದಲ ಚಳಿಗಾಲ ಉಪ್ಪು ಬೇಡವೇ ಬೇಡ. ಜಾರದಿರಲು ಮರಳು ಎರಚಿ. ಮುಂದೆಯೂ ಕಲ್ಲುಪ್ಪು ಸೊನ್ನೆಗಿಂತ 9 ಡಿಗ್ರಿ ಕೆಳಗಿಳಿದರೆ ಹೆಚ್ಚೇನೂ ಕೆಲಸ ಮಾಡುವುದಿಲ್ಲ, ಸುರಿದದ್ದು ದಂಡ. ಗೊಬ್ಬರವೂ ಹಿಮ ಕರಗಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಮೋನಿಯಂ ನೈಟ್ರೇಟ್, ಅಮೋನಿಯಂ ಸಲ್ಫೇಟ್ ಎರಡೂ ಕಾಂಕ್ರೀಟನ್ನೇ ಕೊರೆಯುತ್ತವೆ. ಹಾಕಿಸುವುದಿದ್ದರೆ ಮೇಯಿಂದ ಸೆಪ್ಟೆಂಬರ್ ಒಳಗೆ. ಹೆಪ್ಪುಗಟ್ಟುವ ರಾತ್ರಿಗಳು ಶುರುವಾಗುವ ಮುಂಚೆ ಕಡೇಪಕ್ಷ ಒಂದು ತಿಂಗಳಾದರೂ ಅದು ಒಣಗಬೇಕು. ನೀರು ಕಟ್ಟುವ ಕೆಲಸವೂ ಇಲ್ಲ. ಸ್ಪ್ರೇ ಹೊಡೆದು ತೇವ ಒಳಗೇ ಉಳಿಯುವಂತೆ ಮಾಡುತ್ತಾರೆ, ನೀವು ಪೈಪು ಹಿಡಿದು ಓಡಬೇಡಿ. ಮಾರನೇ ದಿನ ಗರಗಸದಲ್ಲಿ ಅದನ್ನು ಕೊಯ್ದರೂ ಗಾಬರಿಯಾಗಬೇಡಿ. 4 ಇಂಚು ದಪ್ಪದ ನೆಲಕ್ಕೆ ಸುಮಾರು 10 ಅಡಿಗೊಂದರಂತೆ, ಇಂಚು ಆಳದ ಗೀರು. ಬಿರುಕು ಬಿಡುವುದಿದ್ದರೆ ಅಲ್ಲೇ ಬಿಡಲಿ ಎಂದು.

ಭೂಮಿಯ ವಿಷಯ ಇನ್ನೊಂದು. ನಮ್ಮಲ್ಲಿ ಪಾಯ ತೆಗೆಯುವುದು ಗಟ್ಟಿ ಮಣ್ಣು ಸಿಗುವ ತನಕ. ಅಲ್ಲಿ ಮಣ್ಣು ಎಷ್ಟೇ ಗಟ್ಟಿಯಿರಲಿ, ಚಳಿಗೆ ನೆಲ ಹೆಪ್ಪುಗಟ್ಟುವ ಆಳ ದಾಟಬೇಕು. ಪಿಟ್ಸ್‌ಬರ್ಗ್ ಸುತ್ತಮುತ್ತ 36 ಇಂಚು. ಅದಕ್ಕಿಂತ ಮೇಲೆ ನಿಲ್ಲಿಸಿದರೆ ಮಣ್ಣಿನೊಳಗೆ ಬೆಳೆಯುವ ಮಂಜುಗಡ್ಡೆಯ ಪದರ ಪಾಯವನ್ನೇ ಎತ್ತುತ್ತದೆ, ವಸಂತದಲ್ಲಿ ಮನಸ್ಸಿಗೆ ಬಂದಂತೆ ಇಳಿಸುತ್ತದೆ. ಮನೆಗೂ ಮುಂಬಾಗಿಲ ಮೆಟ್ಟಿಲಿಗೂ ನಡುವೆ ಬೆರಳು ತೂರುವಷ್ಟು ಸಂದು ಕಂಡರೆ, ಮನೆ ನೋಡುವ ದಿನವೇ ಕೇಳಿ. ಗೃಹಪ್ರವೇಶದ ದಿನ ಹಾಲು ಉಕ್ಕಿಸಿದ ಮೇಲೆ ಕಂಡು ಪ್ರಯೋಜನವಿಲ್ಲ.

ಮತ್ತೆ ಗುಡ್ಡ. ಪಿಟ್ಸ್‌ಬರ್ಗ್‌ನ ಬೀಚ್‌ವ್ಯೂ ಬಡಾವಣೆಯ ಕ್ಯಾಂಟನ್ ಅವೆನ್ಯೂ ಎಂಬ ರಸ್ತೆ 37 ಶೇಕಡಾ ಇಳಿಜಾರು. ನೋಡಲು ಚೆಂದ, ಅದರ ಮೇಲೆ ಮನೆ ಬೇಡ. ಊರಲ್ಲಿ 700ಕ್ಕೂ ಹೆಚ್ಚು ಸಾರ್ವಜನಿಕ ಮೆಟ್ಟಿಲುಸಾಲುಗಳಿವೆ ಎಂದರೆ ನೆಲದ ಅಂದಾಜು ಸಿಗಬಹುದು. ಹಿತ್ತಿಲಲ್ಲಿ ತಡೆಗೋಡೆ ಇದ್ದರೆ ಅದರ ಬುಡದಲ್ಲಿ ನೀರು ಹೊರಬರುವ ತೂತುಗಳಿವೆಯೇ, ಹಿಂದೆ ಜಲ್ಲಿ ತುಂಬಿದ್ದಾರೆಯೇ ನೋಡಿ. ಸಾಮಾನ್ಯವಾಗಿ ಬುಡದಿಂದ 4 ಅಡಿ ದಾಟುವ ಗೋಡೆಗೆ ಪರ್ಮಿಟ್ಟು ಬೇಕು. ಅಲ್ಲಿನ ಕೆಂಪು ಜೇಡಿ ನೆನೆದರೆ ಜಾರುತ್ತದೆ, ಮತ್ತು ಸಾಮಾನ್ಯ ಮನೆವಿಮೆ ಭೂಕುಸಿತಕ್ಕೆ ಚಿಕ್ಕಾಸೂ ಕೊಡುವುದಿಲ್ಲ. ಕೆಳಗೆ ಹಳೇ ಕಲ್ಲಿದ್ದಲು ಗಣಿ ಇದ್ದರೆ ಅದರ ವಿಮೆ ಬೇರೆ, ಅದನ್ನು ರಾಜ್ಯವೇ ಮಾರುತ್ತದೆ. ಕಾಂಕ್ರೀಟಿನ ಇಳಿಜಾರು ಯಾವಾಗಲೂ ಮನೆಯಿಂದ ಆಚೆಗೆ. ಒಳಮುಖವಾಗಿದ್ದರೆ ನಿಮ್ಮ ಬೇಸ್‌ಮೆಂಟ್ ಹೊಂಡವಾಗುತ್ತದೆ.

ಎರಡನೇ ಸಲ ಜೂನ್‌ನಲ್ಲಿ ಸರಿಯಾದವನಿಂದ ಮಾಡಿಸಿದೆವು. ಇಲ್ಲಿ ಮೋಲ್ಡ್ ದಿನವೆಂದರೆ ಅರ್ಧ ಹಬ್ಬ. ಮೊನ್ನೆ ತಮ್ಮ ಆಳುಗಳಿಗೆಲ್ಲ ಬಿರಿಯಾನಿ ತರಿಸಿದ, ಮೇಸ್ತ್ರಿಗೆ ಪಂಚೆ-ಶಲ್ಯ ಕೊಟ್ಟ, ಅತ್ತಿಗೆ-ನಾದಿನಿ ಎಲ್ಲರೂ ತಾರಸಿಗೆ ಹತ್ತಿ ಬಂದರು. ಅಲ್ಲಿ ನಾಲ್ಕು ಜನ ಬಂದು, ತಮ್ಮ ಫ್ಲಾಸ್ಕಿನ ಕಾಫಿ ತಾವೇ ಕುಡಿದು, ಮಧ್ಯಾಹ್ನದೊಳಗೆ ಮುಗಿಸಿದರು. ನನ್ನವಳು ಬಿಡಲಿಲ್ಲ, ಅರಿಸಿನ ಕುಂಕುಮ ಹಿಡಿದು ಬಂದು ಕಾಯಿ ಒಡೆಯಲು ನಿಂತಳು. ಅವರಲ್ಲಿ ಹಿರಿಯ, ಟೋಪಿ ತೆಗೆದು ಪಕ್ಕಕ್ಕೆ ಸರಿದು, ಒಂದೇ ಮಾತು ಹೇಳಿದ: ನೀರು ಮಾತ್ರ ಅದರ ಮೇಲೆ ಬೀಳದಿರಲಿ. ಹುಲ್ಲಿನ ಮೇಲೆ ಒಡೆದೆವು.

ಅಮ್ಮ ಬಂದ ವರ್ಷ ಇನ್ನೊಂದು ಪಾಠ. ನವೆಂಬರ್ ಕೊನೆಯ ಒಂದು ಬೆಳಿಗ್ಗೆ, ನಾವಿನ್ನೂ ಎದ್ದಿಲ್ಲ, ಅಮ್ಮ ಬಕೆಟ್ಟಿನಲ್ಲಿ ನೀರು ತಂದು ಬಾಗಿಲ ಮುಂದೆ ಹಾಕಿ ಗುಡಿಸಿದರು. ಅರುವತ್ತು ವರ್ಷದ ಅಭ್ಯಾಸ. ರಂಗೋಲಿ ಡಬ್ಬಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮೆಟ್ಟಿಲು ಗಾಜಾಗಿತ್ತು. ಪುಣ್ಯಕ್ಕೆ ಮೊದಲು ಕಾಲಿಟ್ಟವನು ನಾನು. ಅಪ್ಪ-ಅಮ್ಮ ಬರುವ ಮುಂಚೆ ಇದನ್ನು ಫೋನಿನಲ್ಲೇ ಹೇಳಿ, ಬಂದ ಮೇಲೆ ಇನ್ನೊಮ್ಮೆ ಹೇಳಿ. ರಂಗೋಲಿ ಹೊಸಿಲೊಳಗೆ ಬಂತು. ಅಮ್ಮನಿಗೆ ಅದು ರಂಗೋಲಿ ಅನ್ನಿಸಲೇ ಇಲ್ಲ, "ಬೀದಿಗೆ ಕಾಣದ್ದು ಯಾರಿಗೆ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಬೀದಿಗೆ ಕಾಣುವ ಕೆಲಸ ಅಲ್ಲಿ ಬೇರೆ. ಪಿಟ್ಸ್‌ಬರ್ಗ್ ನಗರದೊಳಗೆ ನಿಮ್ಮ ಮನೆ ಮುಂದಿನ ಫುಟ್‌ಪಾತ್ ನಿಮ್ಮದೇ ಜವಾಬ್ದಾರಿ. ಹಿಮ ನಿಂತ 24 ಗಂಟೆಯೊಳಗೆ ಅದನ್ನು ಬಳಿದು ತೆಗೆದಿರಬೇಕು. ನಮ್ಮವರು ಸರಿಯಾಗಿ ತಮ್ಮ ಸೈಟಿನ ಗಡಿಗೆ ನಿಲ್ಲಿಸುತ್ತಾರೆ, 30-40 ಸೈಟಿನ ಲೆಕ್ಕ ರಕ್ತದಲ್ಲಿದೆ. ನಾನೂ ಹಾಗೇ ಮಾಡುತ್ತಿದ್ದೆ. ಪಕ್ಕದ ಮನೆಯ ಅಜ್ಜಿಯದನ್ನೂ ಬಳಿಯಲು ಶುರು ಮಾಡಿದ್ದು ನನ್ನ ಮಗ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ, ರಾಜ್ಯೋತ್ಸವದ ನಾಟಕ, ಬಿಸಿಬೇಳೆಭಾತಿನ ಸಾಲು, ಎಲ್ಲ ಇವೆ, ಬೇಕು. ಆದರೆ ಆ ಬೀದಿಯವರು ನಮ್ಮ ಹೆಸರು ಸರಿಯಾಗಿ ಹೇಳಲು ಕಲಿತದ್ದು ಆ ಸನಿಕೆ ಕೆಲಸದಿಂದ. ಹುಡುಗ ಬನಶಂಕರಿಗೆ ಬಂದರೆ ಫುಟ್‌ಪಾತಿನ ಎದ್ದ ಕಲ್ಲುಚಪ್ಪಡಿ ನೋಡಿ, "ಇದು ಯಾರ ಮನೆಯವರದ್ದು?" ಎಂದು ಕೇಳುತ್ತಾನೆ. ಕಾರ್ಪೊರೇಷನ್ನಿನದು ಎಂದರೆ ಅವನಿಗೆ ಅರ್ಥವಾಗುವುದಿಲ್ಲ.

ಕಂಟ್ರಾಕ್ಟರನ್ನು ಫೆಬ್ರವರಿಯಲ್ಲೇ ಹಿಡಿಯಿರಿ. ಏಪ್ರಿಲಿಗೆ ಒಳ್ಳೆಯವರ ಕೈ ತುಂಬಿರುತ್ತದೆ, ಮಿಕ್ಕವರು ನವೆಂಬರಿನ ಡಿಸ್ಕೌಂಟ್ ಹೇಳುತ್ತಾರೆ. ಕಾಂಕ್ರೀಟು ಒಣಗಿ ತಿಂಗಳಾದ ಮೇಲೆ ಒಳಗಿಳಿದು ನೀರು ತಡೆಯುವ ಸೀಲರ್ ಹೊಡೆಸಿ, ಮನೆಗೂ ಡ್ರೈವ್‌ವೇಗೂ ನಡುವಿನ ಸಂದಿಗೆ ಪ್ರತಿ ವರ್ಷ ಕಾಕ್ (ಸಂದು ಮುಚ್ಚುವ ಮೆತ್ತನೆಯ ಅಂಟು) ತುಂಬಿ. ಮರಳಿನ ಚೀಲ ಅಕ್ಟೋಬರಿನಲ್ಲೇ ತಂದು ಗ್ಯಾರೇಜಿನಲ್ಲಿಡಿ. ಹಿಮ ಬಿದ್ದ ದಿನ ಹೋದರೆ ಅಂಗಡಿಯವರು ಕೈಗೆ ಉಪ್ಪನ್ನೇ ಕೊಟ್ಟು ಕಳಿಸುತ್ತಾರೆ.