ಗೆರೆಗಳ ಜಾಲದಿಂದ ಮುಖ ಮೂಡಿಸುವುದು: ನನ್ನ ಅನುಭವ

ಕಂಪ್ಯೂಟರ್‌ನಲ್ಲಿ ಮುಖ, ಕಿವಿ, ಕೈಯಂಥ ಮೂರು ಆಯಾಮದ ಆಕಾರಗಳನ್ನು ಮಾಡುವಾಗ (3ಡಿ ಮಾಡೆಲಿಂಗ್) ನಾನು ಇಂದಿಗೂ ಸ್ಪ್ಲೈನ್ ಜಾಲದಿಂದಲೇ, ಅಂದರೆ ಬಿಂದುಗಳ ನಡುವೆ ಬಾಗಿ ಹರಿಯುವ ಗೆರೆಗಳ ಬಲೆಯಿಂದಲೇ, ಆರಂಭಿಸುತ್ತೇನೆ. ಪೆಟ್ಟಿಗೆಯೊಂದನ್ನು ಎಳೆದು, ಕತ್ತರಿಸಿ, ಕೊನೆಗೆ ಸಬ್‌ಡಿವಿಷನ್‌ನಿಂದ (ಮೇಲ್ಮೈಯನ್ನು ಸಣ್ಣ ತುಂಡುಗಳಾಗಿ ಒಡೆಯುತ್ತಾ) ನುಣುಪುಗೊಳಿಸುವ ದಾರಿ ಹೆಚ್ಚು ಬಳಕೆಯಲ್ಲಿದೆ, ವೇಗವೂ ಅದಕ್ಕೇ ಹೆಚ್ಚು. ಆದರೆ ಅಲ್ಲಿ ನಾವು ಎಳೆದಾಡುವ ಪಂಜರ ಒಂದು ಕಡೆ ಇರುತ್ತದೆ, ನಿಜವಾದ ಮೇಲ್ಮೈ ಅದರೊಳಗೆ ಕುಗ್ಗಿ ಕೂತಿರುತ್ತದೆ. ಸ್ಪ್ಲೈನ್ ಜಾಲದಲ್ಲಿ ನಾನು ಎಳೆದ ಗೆರೆ ಚರ್ಮದ ಮೇಲೆಯೇ ಇರುತ್ತದೆ. ತುಟಿಯ ಅಂಚು ಎಲ್ಲಿ ಬಾಗಬೇಕೆಂದು ನಿರ್ಧರಿಸುತ್ತೇನೋ ಅಲ್ಲಿಯೇ ಬಾಗುತ್ತದೆ. ನನಗೆ ಈ ವಿಧಾನ ಪ್ರಿಯವಾಗಿರುವುದು ಇದೊಂದೇ ಕಾರಣಕ್ಕೆ.

ನಾಲ್ಕು ಅಂಚುಗಳ ವಕ್ರರೇಖೆಗಳು ಗೊತ್ತಿದ್ದರೆ ನಡುವಿನ ಮೇಲ್ಮೈಯನ್ನು ಲೆಕ್ಕ ಹಾಕಿ ತುಂಬಬಹುದು ಎಂಬುದನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸ್ಟೀವನ್ ಕೂನ್ಸ್ 1967ರ ವರದಿಯಲ್ಲಿ ವಿವರಿಸಿದ್ದರು. ನಾನು ಬಳಸುವ 3ಡಿ ತಂತ್ರಾಂಶ 3ಡಿಎಸ್ ಮ್ಯಾಕ್ಸ್‌ನಲ್ಲಿ ಗೆರೆಗಳ ನಡುವೆ ಮೇಲ್ಮೈ ತುಂಬುವ ಸರ್ಫೇಸ್ ಮಾಡಿಫೈಯರ್ ಎಂಬ ಸಾಧನ ಇದೇ ಬಗೆಯ ಕೆಲಸವನ್ನು ಬೆಜಿಯೇ ಪ್ಯಾಚ್‌ಗಳಿಂದ, ಅಂದರೆ ನಿಯಂತ್ರಣ ಬಿಂದುಗಳಿಂದ ಬಾಗುವ ಮೇಲ್ಮೈ ತುಣುಕುಗಳಿಂದ, ಮಾಡುತ್ತದೆ. ನಾಲ್ಕು ಬದಿಯ ಒಂದು ಪ್ಯಾಚ್‌ಗೆ 16 ನಿಯಂತ್ರಣ ಬಿಂದುಗಳು. ಅವುಗಳಲ್ಲಿ 12 ನನ್ನ ಗೆರೆಗಳಿಂದಲೇ ಬರುತ್ತವೆ, ಒಳಗಿನ 4ನ್ನು ಮಾತ್ರ ತಂತ್ರಾಂಶ ತಾನಾಗಿ ಇಡುತ್ತದೆ. ಹೀಗಾಗಿ ಮೇಲ್ಮೈ ಕೆಟ್ಟಿದ್ದರೆ ನಾನು ಮೊದಲು ನೋಡುವುದು ಗೆರೆಗಳನ್ನು.

ಮುಂಭಾಗ ಮತ್ತು ಪಕ್ಕದ ಚಿತ್ರಗಳನ್ನು ಹಿನ್ನೆಲೆಯಲ್ಲಿಟ್ಟು ಅರ್ಧ ಮುಖವನ್ನಷ್ಟೇ ಎಳೆಯುತ್ತೇನೆ. ಮೊದಲು ಕಣ್ಣಿನ ಸುತ್ತಿನ ಉಂಗುರಗಳು, ಬಾಯಿಯ ಸುತ್ತಿನ ಉಂಗುರಗಳು. ಆಮೇಲೆ ಮೂಗಿನ ಪಕ್ಕದಿಂದ ಬಾಯಿಯ ಮೂಲೆಯತ್ತ ಇಳಿಯುವ ಮಡಿಕೆ, ದವಡೆಯ ಅಂಚು. ಮುಖದ ಸ್ನಾಯುಗಳು ಯಾವ ದಿಕ್ಕಿನಲ್ಲಿ ಹರಿಯುತ್ತವೋ ಗೆರೆಗಳೂ ಅದೇ ದಿಕ್ಕಿನಲ್ಲಿ ಹರಿಯಬೇಕು. ಇಲ್ಲವಾದರೆ ಮುಂದೆ ಆ ಮುಖ ನಗುವಾಗ ಚರ್ಮ ತಪ್ಪು ಜಾಗದಲ್ಲಿ ಸುಕ್ಕಾಗುತ್ತದೆ. ಇಷ್ಟಾದ ಮೇಲೆ ಅಡ್ಡಗೆರೆಗಳು. ಅವನ್ನು ಎಳೆಯುವಾಗ ಸ್ನ್ಯಾಪ್ (ಹತ್ತಿರದ ಬಿಂದುವಿಗೆ ತಾನಾಗಿ ಅಂಟಿಸುವ ಸೌಲಭ್ಯ) ಚಾಲೂ ಇರಲೇಬೇಕು, ಏಕೆಂದರೆ ಎರಡು ಗೆರೆಗಳು ದಾಟುವಲ್ಲಿ ಎರಡಕ್ಕೂ ಒಂದೊಂದು ಬಿಂದು ಇದ್ದು, ಅವು ಒಂದರ ಮೇಲೊಂದು ಕೂತಿರಬೇಕು.

ಹೆಚ್ಚು ಹೊತ್ತು ಹಿಡಿಯುವುದು ಮೂಗಿನ ಹೊಳ್ಳೆ ಕೆನ್ನೆಯನ್ನು ಸೇರುವ ಮೂಲೆ. ಹೊಳ್ಳೆಯನ್ನು ಸುತ್ತುವ ಗೆರೆ, ಕೆನ್ನೆಯಿಂದ ಬರುವ ಗೆರೆ, ಮೇಲ್ದುಟಿಯಿಂದ ಏರುವ ಗೆರೆ ಎಲ್ಲವೂ ಅಲ್ಲಿಯೇ ಸೇರುತ್ತವೆ. ಸರ್ಫೇಸ್ ಮಾಡಿಫೈಯರ್ ಮೂರು ಅಥವಾ ನಾಲ್ಕು ಬದಿಯ ಕೋಣೆಗಳನ್ನು (ಗೆರೆಗಳ ನಡುವಿನ ಜಾಗಗಳನ್ನು) ಮಾತ್ರ ತುಂಬುತ್ತದೆ. ಕಣ್ಣಿಗೆ ನಾಲ್ಕೇ ಬದಿ ಕಂಡರೂ ಒಂದು ಬದಿಯ ನಡುವೆ ಹೆಚ್ಚಿನ ಬಿಂದುವೊಂದಿದ್ದರೆ ಅದರ ಲೆಕ್ಕದಲ್ಲಿ ಐದು ಬದಿ. ಅಲ್ಲಿ ತೂತು ಬೀಳುತ್ತದೆ. ಪಕ್ಕದ ಕೋಣೆಯಿಂದ ಬಂದ ಗೆರೆಯೊಂದು ಅರ್ಧದಲ್ಲೇ ನಿಂತಾಗ ಆಗುವುದು ಇದೇ. ಆ ಗೆರೆಯನ್ನು ಎದುರು ಬದಿಯವರೆಗೆ ಮುಂದುವರಿಸುವುದು ಒಂದು ಉಪಾಯ. ಅದರಿಂದ ಮುಂದಿನ ಕೋಣೆಗೂ ಅದೇ ತೊಂದರೆ ಹಬ್ಬುವುದಾದರೆ, ಐದು ಬದಿಯ ಕೋಣೆಗೆ ಅಡ್ಡಲಾಗಿ ಒಂದು ಗೆರೆ ಎಳೆದು ನಾಲ್ಕು ಬದಿಯದೊಂದು, ಮೂರು ಬದಿಯದೊಂದು ಮಾಡುತ್ತೇನೆ. ಮೂರು ಬದಿಯ ಪ್ಯಾಚ್ ಹೊಳಪಿನಲ್ಲಿ ಬೇಗ ಎದ್ದು ಕಾಣುತ್ತದೆ. ಅದನ್ನು ಕೆನ್ನೆಯ ಉಬ್ಬಿನ ಮೇಲೆ ಎಂದೂ ಬಿಡುವುದಿಲ್ಲ. ಹೊಳ್ಳೆಯ ಕೆಳಗೋ ಕಿವಿಯ ಹಿಂದೋ ತಳ್ಳುತ್ತೇನೆ.

ಕೋಣೆಗಳು ಸರಿಯಾದ ಮೇಲೆ ಹ್ಯಾಂಡಲ್‌ಗಳ ಕೆಲಸ. ಗೆರೆ ಎತ್ತ, ಎಷ್ಟು ಬಾಗಬೇಕೆಂದು ಹೇಳುವ, ಬಿಂದುವಿನಿಂದ ಚಾಚಿದ ಹಿಡಿಗಳು ಇವು. ಮಾಡೆಲಿಂಗ್‌ನ ನಿಜವಾದ ಕುಸುರಿ ಇರುವುದು ಇಲ್ಲಿ. ಒಂದು ಬಿಂದುವಿನಲ್ಲಿ ಸೇರುವ ಎಲ್ಲ ಹ್ಯಾಂಡಲ್‌ಗಳೂ ಒಂದೇ ಸಮತಲದಲ್ಲಿದ್ದರೆ ಚರ್ಮ ಅಲ್ಲಿ ನುಣುಪಾಗಿ ದಾಟುತ್ತದೆ. ಎರಡು ಗೆರೆಗಳು ನೇರವಾಗಿ ದಾಟುವಲ್ಲಿ ಚಿಂತೆಯಿಲ್ಲ, ಎರಡರ ಹ್ಯಾಂಡಲ್‌ಗಳೂ ಬೆಜಿಯೇ ಬಗೆಯವಾಗಿದ್ದರೆ (ಬಿಂದುವಿನ ಎರಡೂ ಕಡೆ ಒಂದೇ ನೇರದಲ್ಲಿದ್ದರೆ) ಸಮತಲ ತಾನಾಗಿ ಸಿಗುತ್ತದೆ. ಮೂರು ಅಥವಾ ಐದು ಗೆರೆಗಳು ಸೇರುವ ಬಿಂದುಗಳೇ ಕಷ್ಟದವು. ಅಲ್ಲಿ ನೋಟವನ್ನು ತಿರುಗಿಸುತ್ತಾ ಹೋಗಿ, ಹ್ಯಾಂಡಲ್‌ಗಳೆಲ್ಲ ಒಂದೇ ಗೆರೆಯಂತೆ ಕಾಣುವ ಕೋನ ಹುಡುಕುತ್ತೇನೆ. ಅದರಿಂದ ಹೊರಗೆ ಚಾಚಿರುವುದನ್ನು ಒಳಕ್ಕೆ ತರುತ್ತೇನೆ. ಬೇಕೆಂದೇ ಮಡಿಕೆ ಇರಬೇಕಾದ ಕಡೆ, ಉದಾಹರಣೆಗೆ ಹೊಳ್ಳೆಯ ಹಿಂದಿನ ತಿರುವಿನಲ್ಲಿ, ಬಿಂದುವನ್ನು ಬೆಜಿಯೇ ಕಾರ್ನರ್ (ಎರಡು ಕಡೆಯ ಹ್ಯಾಂಡಲ್ ಬೇರೆ ಬೇರೆಯಾಗಿ ತಿರುಗುವ ಬಗೆ) ಮಾಡಿ ಸಮತಲವನ್ನು ಮುರಿಯುತ್ತೇನೆ. ಮುಖದ ನಡುಗೆರೆಯನ್ನು ದಾಟುವ ಹ್ಯಾಂಡಲ್ ಕನ್ನಡಿ ಸಮತಲಕ್ಕೆ ನೇರ ಲಂಬವಾಗಿರಬೇಕು. ಸ್ವಲ್ಪ ಓರೆಯಾದರೂ ಎರಡು ಅರ್ಧ ಸೇರಿಸಿದಾಗ ಹಣೆಯ ನಡುವೆ ಏಣು ಮೂಡುತ್ತದೆ.

ಥ್ರೆಶೋಲ್ಡ್ ಮೌಲ್ಯದ ವಿಷಯದಲ್ಲಿ ಎಚ್ಚರ ಬೇಕು. ಹತ್ತಿರದ ಬಿಂದುಗಳನ್ನು ಒಂದಾಗಿಸುವ ದೂರ ಅದು. ಸರ್ಫೇಸ್ ಮಾಡಿಫೈಯರ್ ಹ್ಯಾಂಡಲ್‌ಗಳನ್ನೂ ಬಿಂದುಗಳೆಂದೇ ಎಣಿಸುವುದರಿಂದ, ಮೌಲ್ಯ ದೊಡ್ಡದಾದರೆ ಕಣ್ಣಿನ ಮೂಲೆಯಂಥ ಕಡೆ ಚಿಕ್ಕ ಹ್ಯಾಂಡಲ್‌ಗಳು ಬಿಂದುವಿಗೇ ಅಂಟಿ ಆಕಾರ ವಿರೂಪವಾಗುತ್ತದೆ. ಜಾಲದ ಅತಿ ಚಿಕ್ಕ ಹ್ಯಾಂಡಲ್‌ಗಿಂತ ಅದು ಕಡಿಮೆಯಿರಲಿ.

ಇಡೀ ಹೊತ್ತು ನನ್ನ ಪರದೆಯಲ್ಲಿ ಎರಡು ಪ್ರತಿಗಳಿರುತ್ತವೆ. ಒಂದು ಬರಿಯ ಗೆರೆಗಳದು, ಪಕ್ಕದಲ್ಲಿ ಅದರ ರೆಫರೆನ್ಸ್ ಪ್ರತಿ. ಸರ್ಫೇಸ್ ಮಾಡಿಫೈಯರ್ ಎರಡನೆಯದಕ್ಕೆ ಮಾತ್ರ. ಗೆರೆಯನ್ನು ಇಲ್ಲಿ ಸರಿಸಿದರೆ ಚರ್ಮ ಅಲ್ಲಿ ಕದಲುತ್ತದೆ. ಆ ಪ್ರತಿಗೆ ಹೊಳೆಯುವ ಗಾಢ ಬಣ್ಣ ಕೊಡುತ್ತೇನೆ, ಬಿಳಿ ಮ್ಯಾಟ್ ಬಣ್ಣದಲ್ಲಿ ಅಡಗಿ ಕೂರುವ ಉಬ್ಬುತಗ್ಗುಗಳು ಬೆಳಕಿನ ಪ್ರತಿಫಲನ ಮುರಿಯುವಲ್ಲಿ ಸಿಕ್ಕಿಬೀಳುತ್ತವೆ.

ಕೊನೆಗೆ ಮೆಶ್ (ಸಣ್ಣ ಚೌಕಗಳ ಜಾಲ) ಆಗಿ ಬದಲಿಸುವಾಗ ಸ್ಟೆಪ್ಸ್ ಸಂಖ್ಯೆಯನ್ನು, ಅಂದರೆ ಪ್ಯಾಚ್‌ನ ಪ್ರತಿ ಬದಿಯ ನಡುವೆ ಎಷ್ಟು ಬಿಂದು ಸೇರಬೇಕೆಂಬುದನ್ನು, ಇಳಿಸುತ್ತೇನೆ. 5 ಇಟ್ಟರೆ ನಾಲ್ಕು ಬದಿಯ ಪ್ರತಿ ಪ್ಯಾಚ್ 36 ಚೌಕಗಳಾಗುತ್ತದೆ, 1 ಇಟ್ಟರೆ 4. ಅನಿಮೇಷನ್‌ಗೆ ಹೋಗುವ ಮುಖಕ್ಕೆ 1 ಸಾಕು. ರಿಗ್ಗಿಂಗ್ (ಮುಖ ಚಲಿಸಲು ಬೇಕಾದ ನಿಯಂತ್ರಣಗಳನ್ನು ಜೋಡಿಸುವ ಕೆಲಸ) ಮಾಡುವವರಿಗೆ ಬೇಕಾದ ಹರಿವು ಗೆರೆಗಳಲ್ಲಿಯೇ ಬಂದಿರುತ್ತದೆ, ಉಳಿದ ನುಣುಪನ್ನು ರೆಂಡರ್ (ಅಂತಿಮ ಚಿತ್ರ ತೆಗೆಯುವ) ಹೊತ್ತಿಗೆ ಸೇರಿಸಿಕೊಳ್ಳಬಹುದು.