ಚಿಕ್ಕ ವಯಸ್ಸಿನವ್ರಿಗೆ ಕ್ಯಾನ್ಸರ್ ಜಾಸ್ತಿ ಆಗ್ತಿದ್ಯಾ? ನಮ್ಮೂರಿನ ಲೆಕ್ಕ ನಾವೇ ಹಾಕೋದು ಹೇಗೆ

ನಾನು ಮೂಡಿಗೆರೆ ಕಡೆಯವ್ಳು, ಸರ್ಕಾರಿ ಶಾಲೆ ಟೀಚರ್. ಹೋದ ವರ್ಷ ನಮ್ಮ ಪಂಚಾಯ್ತೀಲಿ ನಾಲ್ಕು ತಿಂಗಳೊಳಗೆ ಮೂರು ಮನೇಲಿ ಕ್ಯಾನ್ಸರ್ ಅಂತ ಗೊತ್ತಾಯ್ತು, ಮೂವರೂ 45ರ ಒಳಗಿನವ್ರು, ಅದ್ರಲ್ಲಿ ಒಬ್ಬ ನನ್ನ ಚಿಕ್ಕಮ್ಮನ ಮಗ. ಅವತ್ತಿಂದ ಹಾಲಿನ ಡೈರಿ ಹತ್ರ, ಬಸ್ ಸ್ಟ್ಯಾಂಡಲ್ಲಿ, ತಿಥಿ ಊಟದಲ್ಲಿ ಎಲ್ಲಾ ಕಡೆ ಇದೇ ಮಾತು. ಒಬ್ರು ತೋಟಕ್ಕೆ ಹೊಡೆಯೋ ಔಷಧಿ ಅಂತಾರೆ, ಇನ್ನೊಬ್ರು ಬೋರ್ ನೀರು ಅಂತಾರೆ, ಮತ್ತೊಬ್ರು ಟವರ್ ಅಂತಾರೆ, ಆದ್ರೆ ನಿಜಕ್ಕೂ ಜಾಸ್ತಿ ಆಗಿದ್ಯಾ ಇಲ್ವಾ ಅಂತ ಯಾರೂ ಎಣಿಸಿ ನೋಡಿಲ್ಲ.

2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಏನಾಯ್ತು ಅಂತ ಎಲ್ರಿಗೂ ನೆನಪಿರತ್ತೆ. ಚಿಕ್ಕ ವಯಸ್ಸಿನವ್ರಿಗೆ ಹಾರ್ಟ್ ಅಟ್ಯಾಕ್ ಅಂತ ದಿನಾ ಸುದ್ದಿ, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದ್ಲೇ ಕ್ಯೂ. ಆಮೇಲೆ ಸರ್ಕಾರ ತಜ್ಞರ ಸಮಿತಿ ಮಾಡ್ತು, ಅವ್ರು ಸತ್ತವರ ಒಂದೊಂದೇ ಕೇಸ್ ತೆಗ್ದು ನೋಡಿ, ಹಿಂದಿನ ಅಂಕಿ ಅಂಶದ ಜೊತೆ ಹೋಲಿಸಿ, ಅಸಹಜ ಏರಿಕೆ ಕಾಣ್ತಿಲ್ಲ ಅಂದ್ರು. ಸತ್ತವ್ರ ಮನೆಯವ್ರ ದುಃಖ ಇದ್ರಿಂದ ಕಡಿಮೆ ಆಗಲ್ಲ, ಅದು ಬೇರೆ ವಿಷ್ಯ. ಆದ್ರೆ ಜಾಸ್ತಿ ಆಗಿದ್ಯಾ ಅನ್ನೋ ಪ್ರಶ್ನೆಗೆ ಉತ್ರ ಸಿಗೋದು ಹಿಂದಿನದ್ರ ಜೊತೆ ಇಟ್ಟು ನೋಡಿದಾಗ್ಲೇ. ಕ್ಯಾನ್ಸರ್‌ಗೂ ಹಾಗೇ. ನಾನು ಜನಗಣತಿ ಡ್ಯೂಟಿ, ಸಮೀಕ್ಷೆ ಡ್ಯೂಟಿ ಎಲ್ಲಾ ಮಾಡಿರೋವ್ಳು, ಮನೆಮನೆ ಎಣಿಸೋದು ಗೊತ್ತು, ಹಂಗಾಗಿ ನಮ್ಮೂರಿನ ಆಶಾ ಕಾರ್ಯಕರ್ತೆ ಅಕ್ಕನ್ನ ಜೊತೆಗಿಟ್ಕೊಂಡು ನಮ್ಮ ಪಂಚಾಯ್ತಿ ಲೆಕ್ಕ ಹಾಕ್ದೆ. ನಿಮ್ಮೂರಲ್ಲಿ ಮಾಡೋದಾದ್ರೆ ಹೀಗೆ ಮಾಡಿ.

ಮೊದ್ಲು ಒಂದು ನೋಟ್‌ಬುಕ್ ತಗೊಳ್ಳಿ. ಹೆಸ್ರು ಬರೀಬೇಡಿ, ನಂಬರ್ ಹಾಕಿ ಸಾಕು. ಒಂದೊಂದು ಕೇಸಿಗೆ ನಾಕೇ ವಿಷ್ಯ: ಗಂಡೋ ಹೆಣ್ಣೋ, ಗೊತ್ತಾದಾಗ ವಯಸ್ಸೆಷ್ಟು, ಯಾವ ವರ್ಷ ಗೊತ್ತಾಯ್ತು, ದೇಹದಲ್ಲಿ ಎಲ್ಲಿ. ಇದನ್ನ ವಾಟ್ಸಾಪ್ ಗ್ರೂಪಲ್ಲಿ ಯಾವ ಕಾರಣಕ್ಕೂ ಹಾಕ್ಬೇಡಿ, ನಮ್ ಕಡೆ ಮದ್ವೆಗಿರೋ ಹೆಣ್ಮಕ್ಳ ಮನೇಲಿ ಈ ಕಾಯಿಲೆ ಹೆಸ್ರು ಕೇಳಿದ್ರೇ ಸಂಬಂಧ ಮುರಿದು ಬೀಳತ್ತೆ, ಆ ಹೆದರಿಕೆಗೇ ಎಷ್ಟೋ ಜನ ಹೇಳೋದೇ ಇಲ್ಲ. ಆಶಾ ಅಕ್ಕ ಊರಲ್ಲಿ ಒಬ್ರನ್ನ ಕೇಳಿದಾಗ ಅವ್ರು "ಹೂಂ ಕಣಮ್ಮ, ಇದ್ದಾರೆ, ಆದ್ರೆ ಅವ್ರ ಮನೇಲಿ ನಾನು ಹೇಳ್ದೆ ಅನ್ಬೇಡ" ಅಂದ್ರು. ಅವ್ರ ಆ ಮಾತು ಉಳಿಸ್ಕೊಳ್ಳೋದು ನಮ್ಮ ಕರ್ತವ್ಯ.

ಯಾರನ್ನ ಎಣಿಸ್ಬೇಕು ಅನ್ನೋದ್ರಲ್ಲೇ ಅರ್ಧ ಜನ ತಪ್ಪು ಮಾಡೋದು. ದರ, ಅಂದ್ರೆ ವರ್ಷಕ್ಕೆ ಲಕ್ಷ ಜನಕ್ಕೆ ಎಷ್ಟು ಕೇಸು ಅನ್ನೋದಕ್ಕೆ, ನೀವು ನೋಡೋ ವರ್ಷಗಳಲ್ಲಿ ಹೊಸದಾಗಿ ಪತ್ತೆಯಾದವ್ರು ಮಾತ್ರ. ಅವ್ರು ಆಮೇಲೆ ಸತ್ತಿದ್ರೂ ಲೆಕ್ಕಕ್ಕೆ ಬರ್ತಾರೆ, ಹತ್ತು ವರ್ಷದ ಹಿಂದೆ ಆಪರೇಷನ್ ಆಗಿ ಈಗ ಆರಾಮಾಗಿ ಇರೋವ್ರು ಬರಲ್ಲ. ಬಯಾಪ್ಸಿ, ಅಂದ್ರೆ ಗೆಡ್ಡೆ ಚೂರು ತೆಗ್ದು ಮಾಡೋ ಪರೀಕ್ಷೆ, ಅದ್ರ ರಿಪೋರ್ಟ್ ಇದ್ರೆ ಅದೇ ಗಟ್ಟಿ ಸಾಕ್ಷಿ, ಯಾಕಂದ್ರೆ ನಮ್ ಕಡೆ ಯಾವ ಗೆಡ್ಡೆ ಆದ್ರೂ ಕ್ಯಾನ್ಸರ್ ಅಂತ ಬಾಯಲ್ಲಿ ಬಂದ್ಬಿಡತ್ತೆ. ಆಮೇಲೆ ಆ ವ್ಯಕ್ತಿ ಕನಿಷ್ಠ ಒಂದು ವರ್ಷದಿಂದ ಅಲ್ಲೇ ವಾಸ ಇರ್ಬೇಕು, ನಮ್ಮ ದೇಶದ ಕ್ಯಾನ್ಸರ್ ನೋಂದಣಿಯವ್ರು ಇಟ್ಕೊಂಡಿರೋ ಅಳತೆನೂ ಇದೇ. ಬೆಂಗಳೂರಲ್ಲಿ ಹದಿನೈದು ವರ್ಷ ಕೆಲ್ಸ ಮಾಡಿ, ಕಾಯಿಲೆ ಬಂದ್ಮೇಲೆ ಅಮ್ಮನ ಮನೆಗೆ ಬಂದು ಮಲಗಿದವ್ರು ನಮ್ಮೂರ ಲೆಕ್ಕಕ್ಕೆ ಬರಲ್ಲ. ನಮ್ಮ ಮೂರರಲ್ಲಿ ಒಬ್ರು ಇಂಥವ್ರೇ ಆಗಿದ್ರು.

ಇನ್ನು ಕೆಳಗಿನ ಸಂಖ್ಯೆ, ಅಂದ್ರೆ ಕೇಸನ್ನ ಯಾವ್ದ್ರಿಂದ ಭಾಗಿಸ್ಬೇಕೋ ಆ ಊರಿನ ಜನಸಂಖ್ಯೆ. ವೋಟರ್ ಲಿಸ್ಟ್, ರೇಷನ್ ಕಾರ್ಡ್ ನಂಬಿದ್ರೆ ಕೆಟ್ಟಿರಿ, ಪೀಣ್ಯದಲ್ಲಿ ಕೆಲಸಕ್ಕಿರೋ ಹುಡುಗ್ರ ಹೆಸ್ರೆಲ್ಲಾ ಇನ್ನೂ ಊರ ಕಾರ್ಡಲ್ಲೇ ಇರತ್ತೆ. ಆಶಾ ಅಥ್ವಾ ಅಂಗನವಾಡಿಯವ್ರ ಮನೆ ಸರ್ವೇ ರಿಜಿಸ್ಟರ್ ನೋಡಿ, ಈಗ ನಿಜವಾಗ್ಲೂ ಮನೇಲಿ ಯಾರಿದ್ದಾರೆ ಅಂತ ಅದ್ರಲ್ಲಿ ಸಿಗತ್ತೆ. ಎಸ್ಟೇಟ್ ಲೈನ್ ಮನೆಗಳಲ್ಲಿ ಇರೋ ಅಸ್ಸಾಂ ಕಡೆ ಕೆಲಸದವ್ರನ್ನ ಮರೀಬೇಡಿ. ಅವ್ರು ಊರು ಬಿಟ್ಟು ಬಂದಿರೋದ್ರಿಂದ ಅಲ್ಲಿ ಲೆಕ್ಕಕ್ಕಿಲ್ಲ, ಇಲ್ಲಿ ಯಾರೂ ಕೇಳಲ್ಲ, ಅವ್ರಿಗೆ ಕಾಯಿಲೆ ಬಂದ್ರೆ ಯಾವ ಪುಸ್ತಕದಲ್ಲೂ ಕಾಣಲ್ಲ, ನನಗೆ ತುಂಬಾ ಬೇಜಾರಾಗಿದ್ದು ಇದೇ.

ಈಗ ಭಾಗಾಕಾರ. ಉದಾಹರಣೆಗೆ ಒಂದು ಪಂಚಾಯ್ತೀಲಿ 20ರಿಂದ 49 ವಯಸ್ಸಿನವ್ರು 2,800 ಜನ, ಐದು ವರ್ಷದಲ್ಲಿ ಹೊಸ ಕೇಸು 4 ಅಂತಿಟ್ಕೊಳ್ಳಿ. 2,800ನ್ನ 5ರಿಂದ ಗುಣಿಸಿದ್ರೆ 14,000. 4ನ್ನ 14,000ದಿಂದ ಭಾಗಿಸಿ ಒಂದು ಲಕ್ಷದಿಂದ ಗುಣಿಸಿ, ವರ್ಷಕ್ಕೆ ಲಕ್ಷಕ್ಕೆ ಸುಮಾರು 29 ಬರತ್ತೆ. ಇಲ್ಲೇ ನಿಲ್ಸಿ ಓಡ್ಬೇಡಿ. ಅದೇ ಊರಲ್ಲಿ ಒಂದು ಕೇಸ್ ಕಡಿಮೆ ಆಗಿದ್ರೆ 21, ಒಂದು ಜಾಸ್ತಿ ಆಗಿದ್ರೆ 36. ಅಂದ್ರೆ ಒಬ್ಬೇ ಒಬ್ಬ ವ್ಯಕ್ತಿಯಿಂದ ಇಡೀ ಊರಿನ ದರ ಏರಿ ಇಳಿಯತ್ತೆ. ಸಂಖ್ಯಾಶಾಸ್ತ್ರದವ್ರು ಹೇಳೋ ಪ್ರಕಾರ 4 ಅಂತ ಕಂಡಾಗ ಅದ್ರ ಹಿಂದಿರೋ ನಿಜವಾದ ಮಟ್ಟ 1ರಿಂದ 10ರ ತನಕ ಎಲ್ಲಿ ಬೇಕಾದ್ರೂ ಇರ್ಬೋದು. ಅಮೆರಿಕದಲ್ಲಿ ಪ್ರತಿ ಕೌಂಟಿಗೂ, ಅಂದ್ರೆ ನಮ್ ಜಿಲ್ಲೆ ತರ ಇರೋ ಆಡಳಿತ ಭಾಗ, ಕ್ಯಾನ್ಸರ್ ದರ ತೆಗೀತಾರೆ, ಆದ್ರೆ ಅಲ್ಲಿನ ಸಿಡಿಸಿ ಅನ್ನೋ ಸರ್ಕಾರಿ ಆರೋಗ್ಯ ಸಂಸ್ಥೆಯವ್ರು 16ಕ್ಕಿಂತ ಕಡಿಮೆ ಕೇಸ್ ಇದ್ರೆ ದರಾನೇ ಪ್ರಕಟ ಮಾಡಲ್ಲ. ಚಿಕ್ಕ ವಯಸ್ಸಿನವ್ರಲ್ಲಿ ಕೇಸೇ ಕಮ್ಮಿ, ಹಳ್ಳೀಲಿ ಜನಾನೂ ಕಮ್ಮಿ, ಎರಡೂ ಸೇರಿದಾಗ ಸಂಖ್ಯೆ ಬಹಳ ಅಲ್ಲಾಡತ್ತೆ. ಹಂಗಾಗಿ ಒಂದು ಪಂಚಾಯ್ತಿ ಸಾಕಾಗಲ್ಲ, ನಾಕೈದು ಪಂಚಾಯ್ತಿ ಸೇರಿಸಿ, ಐದಾರು ವರ್ಷ ಒಟ್ಟಿಗೆ ನೋಡಿ.

ವಯಸ್ಸಿನ ವಿಷ್ಯ ಸ್ವಲ್ಪ ನಿಧಾನಕ್ಕೆ ಓದಿ, ಇದು ಅರ್ಥ ಆದ್ರೆ ಪೇಪರಲ್ಲಿ ಬರೋ ಅರ್ಧ ಸುದ್ದಿ ನೀವೇ ಜರಡಿ ಹಿಡೀಬೋದು. ನಲವತ್ತು ದಾಟಿದವ್ರಿಗೆ ಇಪ್ಪತ್ತರವ್ರಿಗಿಂತ ಕ್ಯಾನ್ಸರ್ ಎಷ್ಟೋ ಪಟ್ಟು ಜಾಸ್ತಿ. ಉದಾಹರಣೆಗೆ ಹಳ್ಳೀಲೂ ಸಿಟೀಲೂ ದರ ಒಂದೇ ಅಂತಿಟ್ಕೊಳ್ಳಿ, 20ರಿಂದ 34ಕ್ಕೆ ಲಕ್ಷಕ್ಕೆ 10, 35ರಿಂದ 49ಕ್ಕೆ 50. ಹಳ್ಳೀಲಿ ಹುಡುಗ್ರೆಲ್ಲಾ ಬೆಂಗಳೂರಿಗೆ ಹೋಗಿ ಕಿರಿಯರು 1,000, ಹಿರಿಯರು 1,800 ಉಳಿದಿದ್ದಾರೆ, ಸಿಟಿ ಬಡಾವಣೇಲಿ ಉಲ್ಟಾ, ಕಿರಿಯರೇ 1,800. ಒಟ್ಟು ದರ ಹಳ್ಳೀದು 36 ಬರತ್ತೆ, ಸಿಟೀದು 24. ಕಾಯಿಲೆ ಎರಡೂ ಕಡೆ ಒಂದೇ, ಜನರ ವಯಸ್ಸು ಬೇರೆ ಅಷ್ಟೇ! ಅದಕ್ಕೇ ಹತ್ತತ್ತು ವರ್ಷದ ಗುಂಪು ಮಾಡಿ ಬೇರೆಬೇರೆ ಹೋಲಿಸಿ. ಇದೇ ತರ "ನಮ್ಮ ಆಸ್ಪತ್ರೆಗೆ ಬರೋ ರೋಗಿಗಳಲ್ಲಿ ಇಷ್ಟು ಪರ್ಸೆಂಟ್ ಯುವಕರು" ಅಂತ ಯಾರಾದ್ರೂ ಹೇಳಿದ್ರೆ ಅದು ದರ ಅಲ್ಲ, ನಮ್ಮ ದೇಶದಲ್ಲಿ ಯುವಕರೇ ಜಾಸ್ತಿ ಇರೋದ್ರಿಂದ ರೋಗಿಗಳಲ್ಲೂ ಯುವಕರ ಪಾಲು ಜಾಸ್ತಿ ಕಾಣತ್ತೆ.

ಈಗ ಹಳ್ಳಿ, ಸಿಟಿ ಹೋಲಿಕೆ, ನಾನು ಇಷ್ಟೆಲ್ಲಾ ಬರೀತಿರೋದೇ ಇದಕ್ಕೆ. 2020ರ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ವರದೀಲಿ ಗಂಡಸರ ವಯಸ್ಸು ಸರಿದೂಗಿಸಿದ ದರ (ಅಂದ್ರೆ ಮೇಲೆ ಹೇಳಿದ ವಯಸ್ಸಿನ ವ್ಯತ್ಯಾಸ ತೆಗೆದು ಹಾಕಿದ ದರ) ಮಿಜೋರಾಂನ ಐಜ್ವಾಲ್ ಜಿಲ್ಲೇಲಿ ಲಕ್ಷಕ್ಕೆ 269.4, ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಮತ್ತು ಬೀಡ್‌ನಲ್ಲಿ 39.5. ಉಸ್ಮಾನಾಬಾದ್, ಬೀಡ್ ಹೆಚ್ಚುಕಮ್ಮಿ ನಮ್ ಕಡೆ ತರಾನೇ ಹಳ್ಳಿ ಜಾಸ್ತಿ ಇರೋ ಜಾಗ. ಐಜ್ವಾಲ್ ಕಡೆ ತಂಬಾಕು ವಿಪರೀತ, ಅದು ಒಂದು ನಿಜವಾದ ಕಾರಣ. ಆದ್ರೆ ಹಳ್ಳಿ ಸಂಖ್ಯೆ ಕಡಿಮೆ ಇದ್ದಾಗ ಇನ್ನೊಂದು ಪ್ರಶ್ನೆ ಕೇಳ್ಲೇಬೇಕು, ಕಾಯಿಲೆ ಕಡಿಮೆಯೋ, ಪತ್ತೆ ಕಡಿಮೆಯೋ? ಅಮೆರಿಕದ್ದು ನೋಡಿ, 2017ರಲ್ಲಿ ಸಿಡಿಸಿ ಹೇಳಿದ್ದು, ಹಳ್ಳಿ ಕೌಂಟಿಗಳಲ್ಲಿ ಹೊಸ ಕ್ಯಾನ್ಸರ್ ಲಕ್ಷಕ್ಕೆ 442, ಸಿಟಿ ಕೌಂಟಿಗಳಲ್ಲಿ 457. ಹಳ್ಳೀದೇ ಕಡಿಮೆ. ಆದ್ರೆ ಸಾವು ಹಳ್ಳೀಲಿ 180, ಸಿಟೀಲಿ 158. ಕಡಿಮೆ ಜನಕ್ಕೆ ಬಂದು ಜಾಸ್ತಿ ಜನ ಸಾಯೋದು ಅಂದ್ರೆ ಏನರ್ಥ? ಅಲ್ಲಿ ಹಳ್ಳೀಲಿ ಸಿಗರೇಟು ಜಾಸ್ತಿ ಅನ್ನೋದೂ ಇದೆ, ಜೊತೆಗೆ ತಡವಾಗಿ ಗೊತ್ತಾಗೋದು, ಚಿಕಿತ್ಸೆ ದೂರ ಇರೋದು. ಹಂಗಾಗಿ ನಿಮ್ಮ ನೋಟ್‌ಬುಕ್ಕಲ್ಲಿ ಇನ್ನೆರಡು ಕಾಲಂ ಹಾಕಿ, ಮೊದಲ ಲಕ್ಷಣ ಕಂಡು ಎಷ್ಟು ತಿಂಗಳಿಗೆ ಪತ್ತೆಯಾಯ್ತು, ಈಗ ಬದುಕಿದ್ದಾರಾ. ನಮ್ಮ ಲೆಕ್ಕದಲ್ಲಿ ದರಕ್ಕಿಂತ ನನ್ನ ನಿದ್ದೆ ಕೆಡಿಸಿದ್ದು ಈ ತಿಂಗಳಿನ ಕಾಲಂ.

ಉಲ್ಟಾನೂ ಆಗತ್ತೆ. ದಕ್ಷಿಣ ಕೊರಿಯಾದಲ್ಲಿ ಆರೋಗ್ಯವಾಗಿರೋ ಬಹಳ ಜನಕ್ಕೂ ಕುತ್ತಿಗೆ ಸ್ಕ್ಯಾನ್ ಮಾಡೋಕೆ ಶುರು ಮಾಡಿ 1993ರಿಂದ 2011ರೊಳಗೆ ಥೈರಾಯ್ಡ್ ಕ್ಯಾನ್ಸರ್ 15 ಪಟ್ಟು ಏರ್ತು, ಸಾವು ಇದ್ದಂಗೇ ಇತ್ತು. ಸಿಟೀಲಿ ಜಾಸ್ತಿ ಕಾಣೋದ್ರಲ್ಲಿ ಸ್ಕ್ಯಾನಿಂಗ್ ಸೆಂಟರಿನ ಪಾಲೂ ಇರತ್ತೆ. ಹಾಗಂತ ಎಲ್ಲಾ ಏರಿಕೆನೂ ಸುಳ್ಳಲ್ಲ. ಅಮೆರಿಕದಲ್ಲಿ 50ರ ಒಳಗಿನ ಗಂಡಸರಲ್ಲಿ ಕ್ಯಾನ್ಸರ್ ಸಾವಿಗೆ ದೊಡ್ಡ ಕರುಳಿನ ಕ್ಯಾನ್ಸರ್ 1990ರ ದಶಕದ ಕೊನೇಲಿ ನಾಲ್ಕನೇ ಕಾರಣ ಆಗಿತ್ತು, ಈಗ ಮೊದಲನೇದು. ಅದಕ್ಕೇ 2021ರಲ್ಲಿ ಅಲ್ಲಿ ಕರುಳಿನ ತಪಾಸಣೆ ಶುರು ಮಾಡೋ ವಯಸ್ಸನ್ನ 50ರಿಂದ 45ಕ್ಕೆ ಇಳಿಸಿದ್ರು.

ಮೊದ್ಲು ಹೇಳಿದ್ನಲ್ಲ ಚಿಕ್ಕಮ್ಮನ ಮಗ, ಆ ನನ್ನ ತಮ್ಮನ ಕಥೆ ಇದೇ ಕರುಳಿಂದು. 36 ವರ್ಷ, ಮೆಣಸು ಕೊಯ್ಯೋಕೆ ಏಣಿ ಹತ್ತಿದ್ರೆ ಸಂಜೆವರ್ಗೂ ಇಳೀದವ್ನು. ಮೋಷನ್‌ನಲ್ಲಿ ರಕ್ತ ಹೋಗ್ತಿತ್ತು, ಕೇಳಿದ್ರೆ "ಏನಿಲ್ಲ ಕಣಕ್ಕ, ಉಷ್ಣ ಆಗಿದೆ, ಖಾರ ಬಿಟ್ರೆ ಸರಿಹೋಗತ್ತೆ" ಅಂದ. ಒಂದು ಕ್ಲಿನಿಕ್‌ನಲ್ಲಿ ಮೂಲವ್ಯಾಧಿ ಅಂತ ಏಳು ತಿಂಗಳು ಮುಲಾಮು, ಮಾತ್ರೆ. ಒಂದ್ಸಲಾನೂ ಬೆರಳು ಹಾಕಿ ಪರೀಕ್ಷೆ ಮಾಡ್ಲಿಲ್ಲ. ಹಬ್ಬಕ್ಕೆ ಬಂದಾಗ ಅವ್ನ ಕೈ ಹಿಡ್ಕೊಂಡು ನೋಡ್ದೆ, ಉಗುರೆಲ್ಲಾ ಸುಣ್ಣದ ತರ ಬೆಳ್ಳಗಿತ್ತು, ಬೆಲ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಮಾಡ್ಕೊಂಡಿದ್ದ. ಆಮೇಲೆ ಹಿಮೊಗ್ಲೋಬಿನ್ ನೋಡಿಸಿದ್ರೆ ಬರೀ 7. ಕೊಲೊನೋಸ್ಕೋಪಿ, ಅಂದ್ರೆ ದೊಡ್ಡ ಕರುಳೊಳಗೆ ಕ್ಯಾಮೆರಾ ಹಾಕಿ ನೋಡೋದು, ಅದು ಮಾಡಿಸಿದ್ಮೇಲೆ ಕ್ಯಾನ್ಸರ್ ಅಂತ ಗೊತ್ತಾಯ್ತು.

ರಕ್ತ ಹೋದ್ರೆ ಮೂಲವ್ಯಾಧಿನೇ ಆಗಿರೋ ಸಾಧ್ಯತೆ ಜಾಸ್ತಿ, ಹೆದರ್ಬೇಡಿ. ಆದ್ರೆ ರಕ್ತದ ಜೊತೆ ತೂಕ ಇಳೀತಿದ್ರೆ, ಮೋಷನ್ ಹೋಗೋ ರೀತಿ ಬದಲಾಗಿದ್ರೆ, ಗಂಡಸಿಗೆ ಕಾರಣ ಇಲ್ದೆ ರಕ್ತ ಕಮ್ಮಿ ಆಗಿದ್ರೆ, "ಡಾಕ್ಟ್ರೇ, ಒಳಗಡೆ ಪರೀಕ್ಷೆ ಮಾಡಿ, ಕೊಲೊನೋಸ್ಕೋಪಿ ಬೇಕಾ ಹೇಳಿ" ಅಂತ ಬಾಯ್ಬಿಟ್ಟು ಕೇಳಿ, ವಯಸ್ಸು ಚಿಕ್ಕದು ಅನ್ನೋ ಒಂದೇ ಮಾತಿಗೆ ವಾಪಸ್ ಬರ್ಬೇಡಿ. ಹಾಲುಣಿಸೋ ಹೆಣ್ಮಕ್ಳಿಗೆ ಎದೇಲಿ ಗಂಟು ಆದ್ರೆ ಹಾಲು ಕಟ್ಟಿದೆ ಅಂತಾರೆ, ಎರಡು ವಾರಕ್ಕೂ ಕರಗದಿದ್ರೆ ಸ್ಕ್ಯಾನ್ ಆಗ್ಲೇಬೇಕು.

ಬಾಯಿದಂತೂ ಮನೇಲೇ ನೋಡ್ಕೋಬೋದು. ಕೊಪ್ಪ, ಶೃಂಗೇರಿ, ತರೀಕೆರೆ ಕಡೆ ಅಡಿಕೆ ನಮ್ಮ ಅನ್ನ, ನನಗೂ ಗೊತ್ತು, ನಮ್ಮ ಭಾವನವ್ರದ್ದೂ ಅಡಿಕೆ ತೋಟಾನೇ. ಆದ್ರೂ ಹೇಳ್ಬೇಕು, ತಂಬಾಕು ಇಲ್ದಿರೋ ಬರೀ ಅಡಿಕೆ ಅಗಿಯೋದೂ ಕ್ಯಾನ್ಸರ್ ತರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಸ್ಥೆ 2004ರಲ್ಲೇ ಹೇಳಿದೆ. ನಿಮ್ಮ ಮೂರು ಬೆರಳು ನೆಟ್ಟಗೆ ಒಂದ್ರ ಮೇಲೊಂದು ಜೋಡಿಸಿ ಬಾಯೊಳಗೆ ಹಲ್ಲಿನ ಮಧ್ಯೆ ಇಡಿ. ಹೋಗ್ಲಿಲ್ಲ ಅಂದ್ರೆ, ಖಾರ ತಿಂದ್ರೆ ಉರಿ ತಡೆಯೋಕಾಗಲ್ಲ ಅಂದ್ರೆ, ಅಥ್ವಾ ಬಿಳಿ, ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು ಇದ್ರೆ ಹಲ್ಲಿನ ಡಾಕ್ಟ್ರಿಗೆ ತೋರಿಸಿ. 30 ದಾಟಿದವ್ರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಉಚಿತ, ಪಿಎಚ್‌ಸಿಲಿ ಯಾವ ದಿನ ಮಾಡ್ತಾರೆ ಅಂತ ಆಶಾ ಅಕ್ಕನ್ನ ಕೇಳಿ, ಇಲ್ಲಾ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ.

ಲೆಕ್ಕ ಮುಗಿದ್ಮೇಲೆ ಅದನ್ನ ಒಂದು ಹಾಳೇಲಿ ಬರ್ದು ಪಿಎಚ್‌ಸಿ ವೈದ್ಯಾಧಿಕಾರಿಗೆ ಕೊಡಿ, ಒಂದು ಪ್ರತಿ ತಾಲೂಕು ಆರೋಗ್ಯಾಧಿಕಾರಿಗೆ. ಔಷಧಿ, ನೀರು ಅಂತ ಕಾರಣ ನೀವೇ ಬರೀಬೇಡಿ, ಅದಕ್ಕೆ ಬೇರೆ ತನಿಖೆ ಬೇಕು. ಒಂದೇ ತರದ ಕ್ಯಾನ್ಸರ್ ಒಂದೇ ಕೇರೀಲಿ ಮತ್ತೆಮತ್ತೆ ಬಂದಿದ್ರೆ ಮಾತ್ರ ಅದನ್ನ ದಪ್ಪ ಅಕ್ಷರದಲ್ಲಿ ಬರೀರಿ, ನಾನಾ ತರದ ಕ್ಯಾನ್ಸರ್ ಕಲಸಿದ್ರೆ ಒಂದೇ ಕಾರಣ ಇರೋದು ಅಪರೂಪ.

ಕೊನೇದಾಗಿ ವಿಳಾಸ. ಹಾಸನ, ಚಿಕ್ಕಮಗಳೂರಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಇನ್ನೆಲ್ಲಿಗೋ ಹೋದಾಗ, ಉಳ್ಕೊಂಡಿರೋ ಮಾವನ ಮನೆ ಅಡ್ರೆಸ್ಸೇ ಕೌಂಟರಲ್ಲಿ ಕೊಡ್ತೀವಿ, ಓಡಾಟಕ್ಕೆ ಸುಲಭ ಅಂತ. ಹಂಗೆ ಕೊಟ್ರೆ ನಮ್ಮೂರ ಕೇಸು ಬೆಂಗಳೂರಿನ ಖಾತೆಗೆ ಬೀಳ್ಬೋದು, ನಮ್ಮ ಜಿಲ್ಲೇಲಿ ಕಾಯಿಲೆನೇ ಇಲ್ಲ ಅನ್ನೋ ಹಂಗೆ ಕಾಣತ್ತೆ. ನಾನು ತಮ್ಮನ ಫಾರಂ ತುಂಬುವಾಗ ಪಂಚಾಯ್ತಿ, ತಾಲೂಕು, ಜಿಲ್ಲೆ ಮೂರೂ ಬರ್ದು, ಎಷ್ಟು ವರ್ಷದಿಂದ ಅಲ್ಲಿದ್ದಾನೆ ಅನ್ನೋ ಜಾಗದಲ್ಲಿ 36 ಅಂತ ಬರ್ದೆ. ಹೋಗುವಾಗ ಬಯಾಪ್ಸಿ ಸ್ಲೈಡು, ಬ್ಲಾಕು ಎರಡೂ ಇಸ್ಕೊಂಡು ಹೋಗಿ, ಬ್ಲಾಕ್ ಅಂದ್ರೆ ಗೆಡ್ಡೆ ಚೂರನ್ನ ಒಳಗಿಟ್ಟಿರೋ ಮೇಣದ ಚಿಕ್ಕ ಬಿಲ್ಲೆ, ಜೋರು ಬಿಸಿಲಿಗೆ ಮೆತ್ತಗಾಗ್ಬೋದು, ಬಸ್ಸಲ್ಲಿ ಕಿಟಕಿ ಪಕ್ಕ ಇಡ್ಬೇಡಿ.